ಚಿತ್ರಕಥಾಸ್ವಾಮ್ಯಮೀಮಾಂಸೆ: ಸುರಪುರಕಾಂಡ

ಕಥೆಯು ಯಾರ ಸ್ವತ್ತೆಂಬ ಪ್ರಶ್ನೆಯನ್ನು ನ್ಯಾಯಕೋವಿದರು ದಿಲ್ಲಿ-ಮುಂಬಯಿಗಳಲ್ಲಿ ಕುಳಿತು ಚಿರಕಾಲದಿಂದ ಮಥಿಸುತ್ತ ಬಂದಿದ್ದರೂ, ಅದರ ನಿಜವಾದ ಪ್ರಯೋಗಶಾಲೆಯು ಯಾದಗಿರಿಯಿಂದ ಸುರಪುರಕ್ಕೆ ಹೋಗುವ ಬಸ್ಸಿನ ಹಿಂದಣ ಆಸನವೆಂಬುದನ್ನು ಅವರಲ್ಲೊಬ್ಬರೂ ಅರಿತಂತಿಲ್ಲ. ಭೀಮೆಯನ್ನು ದಾಟಿದೊಡನೆ ಚಿತ್ರಕಥಾಕಾರನು ತನ್ನ ಕಥೆಯನ್ನು ಪಕ್ಕದವನ ಕಿವಿಯಲ್ಲಿ ಉಸುರತೊಡಗುತ್ತಾನೆ. ಶಹಾಪುರದ ಗುಡ್ಡದಲ್ಲಿ ಮಲಗಿದ ಬುದ್ಧನು ಕಾಣುವ ಹೊತ್ತಿಗೆ ಮಧ್ಯಂತರ ಬಂದಿರುತ್ತದೆ. ಸುರಪುರದಲ್ಲಿ ಇಳಿಯುವಷ್ಟರಲ್ಲಿ ಆ ಕಥೆಗೆ ಬಸ್ಸಿನ ಅರ್ಧದಷ್ಟು ಜನ ಒಡೆಯರಾಗಿರುತ್ತಾರೆ.

ಕಥೆಯಾದರೂ ಯಾವುದು? ಈ ಪ್ರಾಂತ್ಯದಲ್ಲಿ ಲೇಖನಿ ಹಿಡಿದವನಿಗೆ ಅನ್ಯಥಾ ಗತಿಯುಂಟೆ? 1858ರಲ್ಲಿ ಆಂಗ್ಲರ ಸೆರೆಯಲ್ಲಿ ಪ್ರಾಣಬಿಟ್ಟ ರಾಜಾ ವೆಂಕಟಪ್ಪ ನಾಯಕನದೇ. ಆ ಬಾಲರಾಜನನ್ನು ಸಲಹಿದ ಮೆಡೋಸ್ ಟೇಲರ್ ಸಾಹೇಬನು ಇದನ್ನು ತನ್ನ ಆತ್ಮಚರಿತ್ರೆಯಲ್ಲಿ ಬರೆದಿಟ್ಟು 1876ರಲ್ಲಿ ಕಾಲವಾದನು. ಪುಸ್ತಕವು ಮರುವರ್ಷ ಹೊರಬಂದಿತು. ಮರಣೋತ್ತರ ಕೃತಿಗೆ ಪ್ರಕಟಣೆಯಿಂದ 60 ವರ್ಷವೆಂಬ ಇಂದಿನ ಗಣಿತದಂತೆ ಆತನ ಹಕ್ಕು ಎಂದೋ ತೀರಿದೆ. ಇನ್ನು ಚರಿತ್ರೆಗೂ ಕಲ್ಪನೆಯ ಬೀಜಕ್ಕೂ ಸ್ವಾಮಿಯೇ ಇಲ್ಲ, ಅದನ್ನು ಹೇಳಿದ ರೀತಿಗೆ ಮಾತ್ರ ಉಂಟೆಂದು ಸುಪ್ರೀಂ ಕೋರ್ಟು 1978ರಲ್ಲಿ ಆರ್. ಜಿ. ಆನಂದರ ಮೊಕದ್ದಮೆಯಲ್ಲಿ ವಿಧಿಸಿತು. ‘ಹಮ್ ಹಿಂದುಸ್ತಾನಿ’ ನಾಟಕದ ಕರ್ತೃವಾದ ಅವರು ‘ನ್ಯೂ ದೆಹಲಿ’ ಚಿತ್ರದ ವಿರುದ್ಧ ಹೂಡಿದ ವ್ಯಾಜ್ಯವು ಹೀಗೆ ಬಿದ್ದುಹೋಯಿತು. ಯಾರದೂ ಅಲ್ಲವೆಂದು ದಿಲ್ಲಿಯು ತೀರ್ಮಾನಿಸಿದ ವಸ್ತುವನ್ನು ಸುರಪುರವು ಎಲ್ಲರದೆಂದು ತಿಳಿಯುವುದರಿಂದ ಉಭಯಪಕ್ಷಗಳಲ್ಲಿಯೂ ನಷ್ಟವು ಬರೆದವನಿಗೇ ಎಂಬುದು ಈ ಮೀಮಾಂಸೆಯ ಪ್ರಥಮ ಸಿದ್ಧಾಂತ.

ಪೂರ್ವಪಕ್ಷಿಗಳು ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯನ್ನು ತೋರಿಸಿ ನಮ್ಮನ್ನು ಹೆದರಿಸುವರು. ಅದು ಘನವಾದುದು, ಸಂದೇಹವಿಲ್ಲ: ಚಿತ್ರಮಂದಿರದ ಪ್ರದರ್ಶನವೊಂದನ್ನು ಬಿಟ್ಟು ಉಳಿದ ಉಪಯೋಗಗಳ ರಾಯಧನದಲ್ಲಿ ಲೇಖಕನಿಗೆ ಸಮಪಾಲಿದೆ, ಅದನ್ನು ಅವನು ತಾನಾಗಿಯೇ ಬಿಟ್ಟುಕೊಡಲೂ ಬಾರದು. ಆದರೆ ಮುಂಗಡದ ನೋಟುಗಳನ್ನು ಖಾನಾವಳಿಯ ಮೇಜಿನ ಮೇಲೆ ಎಣಿಸಿಕೊಂಡು, ಬಿಲ್ಲಿನ ಬೆನ್ನ ಮೇಲೆ ‘ಸಂದಾಯವಾಯಿತು’ ಎಂದು ರುಜುಹಾಕಿದ ಕವಿಗೆ ಸಮಪಾಲಿನ ಶ್ಲೋಕವನ್ನು ಓದಿ ಹೇಳುವವರಾರು? ಅವಧಿಯನ್ನು ಬರೆಯದ ಕರಾರು ಐದು ವರ್ಷಕ್ಕೆ ಮುಗಿಯುವುದೆಂಬ 19ನೆಯ ಕಲಮು ಆ ಬಿಲ್ಲಿನ ಮುಂಬದಿಯಲ್ಲಿರುವ ಜೋಳದ ರೊಟ್ಟಿಯ ಲೆಕ್ಕದಷ್ಟು ಸ್ಪಷ್ಟವಾಗಿ ಎಲ್ಲಿಯೂ ಕಾಣದು.

ದೊಡ್ಡಾಟದ ಮಾಸ್ತರರ ಪಾಡು ಇನ್ನೂ ವಿಚಿತ್ರ. ಹವ್ಯಾಸಿ ಮಂಡಳಿಯು ಬಿಟ್ಟಿ ಪ್ರೇಕ್ಷಕರ ಮುಂದಾಗಲಿ ಧಾರ್ಮಿಕ ಸಂಸ್ಥೆಯ ಸಹಾಯಾರ್ಥವಾಗಲಿ ಆಡಿದರೆ ಕೃತಿಸ್ವಾಮ್ಯಕ್ಕೆ ಭಂಗವಿಲ್ಲವೆನ್ನುತ್ತದೆ 52ನೆಯ ಕಲಮು. ನಮ್ಮ ಜಾತ್ರೆಯ ಆಟಗಳಾದರೋ ಬಹುಮಟ್ಟಿಗೆ ಈ ಎರಡರಲ್ಲೊಂದು, ಅನೇಕವು ಎರಡೂ. ಶಿವರಾಮ ಕಾರಂತರ ಯಕ್ಷಗಾನದ ಹಕ್ಕು ಅವರ ಉಯಿಲಿನಂತೆ ಯಾರಿಗೆ ಸಂದಿತೆಂಬ ವ್ಯಾಜ್ಯದಲ್ಲಿ, 2009ರಲ್ಲಿ, ಸುಪ್ರೀಂ ಕೋರ್ಟು ಉಯಿಲನ್ನು ಮನ್ನಿಸಿಯೂ ಆ ಕಲಮಿನ ಬಾಗಿಲನ್ನು ಮುಚ್ಚಲಿಲ್ಲ.

ಇಂತಿರಲು ಚಿತ್ರಕಥಾಕಾರನು 500 ರೂಪಾಯಿ ತೆತ್ತು ನೋಂದಣಿ ಮಾಡಿಸಬಹುದು. ಅದು ಕಡ್ಡಾಯವಲ್ಲ, ಮೇಲ್ನೋಟದ ಸಾಕ್ಷ್ಯ ಮಾತ್ರ. ಅದಕ್ಕೂ ಕೈಸಾಲದವನು ಕಥೆಯನ್ನು ಅರಗುಮುದ್ರೆಯ ಲಕೋಟೆಯಲ್ಲಿಟ್ಟು ತನ್ನ ಹೆಸರಿಗೆ ತಾನೇ, ರುಜು ಪಡೆದು ತಲುಪಿಸುವ ಅಂಚೆಯಲ್ಲಿ ಕಳುಹಿಸಿಕೊಳ್ಳುವ ಸಂಪ್ರದಾಯವಿದೆ. ಸುರಪುರದಲ್ಲಿ ಇದು ಫಲಿಸದೆಂದು ನಮ್ಮ ಅಭಿಪ್ರಾಯ. ಲಕೋಟೆ ತಂದ ಅಂಚೆಯವನು ಅದರ ದಪ್ಪವನ್ನು ಹೆಬ್ಬೆರಳಿನಿಂದ ಒತ್ತಿನೋಡಿ, ರುಜುವಿಗೆ ಪೆನ್ನು ಚಾಚುತ್ತಲೇ ಕೇಳುವನು: “ನಾಯಕರ ಕತಿ ಅದ ಏನ್ರಿ? ಕಡೀಕ ಪಿಸ್ತೂಲಿಂದು ಸೀನ್ ನಮ್ಮ ಮುತ್ಯಾ ಹೇಳ್ದಂಗ ಬರ್ದೀರಿಲ್ಲೋ?”