ಒಂದು ಮನೆ, ನಾಲ್ಕು ಸ್ಯಾಂಪಲ್ಲು

ಮನಃಶಾಸ್ತ್ರ ಓದುವ ಮಗಳಿರುವ ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿ ಅಂತ ಯಾರೂ ಉಳಿಯುವುದಿಲ್ಲ, ಎಲ್ಲರೂ ಸ್ಯಾಂಪಲ್ಲುಗಳೇ. ಮಗಳು ಎಂ.ಎಸ್ಸಿ. ಕೊನೆಯ ವರ್ಷಕ್ಕೆ ಬಂದು ‘ಕಾಲೇಜು ವಿದ್ಯಾರ್ಥಿಗಳಲ್ಲಿ ವ್ಯಕ್ತಿತ್ವ, ಲಿಂಗತ್ವ ಮತ್ತು ಲೈಂಗಿಕತೆ’ ಎಂಬ ಸಮೀಕ್ಷೆ ಕೈಗೆತ್ತಿಕೊಂಡಾಗ ನಮಗೆಲ್ಲ ಈ ಬಡ್ತಿ ಸಿಕ್ಕಿತು. ಚೆನ್ನೈ, ಬೆಂಗಳೂರು ಎರಡೂ ಕಡೆಯ ವಿದ್ಯಾರ್ಥಿಗಳನ್ನು ಕೇಳಬೇಕು, ಹಾಗಾಗಿ ಪ್ರಶ್ನಾವಳಿ ಕನ್ನಡದಲ್ಲೂ ಬೇಕು. ಅಸಲಿ ಸಮೀಕ್ಷೆಗೆ ಮುಂಚೆ ಅದನ್ನು ಒಂದಿಷ್ಟು ಜನರಿಗೆ ಓದಲು ಕೊಟ್ಟು, ಪ್ರಶ್ನೆ ಅರ್ಥವಾಗುತ್ತದೋ ಇಲ್ಲವೋ ನೋಡಬೇಕಂತೆ. ನಾವಿರುವ ಚೆನ್ನೈನ ಕೋಯಂಬೇಡಿನಲ್ಲಿ ಕನ್ನಡ ಓದಬಲ್ಲವರು, ಪುಕ್ಕಟೆ ಸಿಗುವವರು, ತಪ್ಪಿಸಿಕೊಂಡು ಓಡಲಾರದವರು ಅಂದರೆ ನಾವೇ: ನಾನು, ನನ್ನ ಹೆಂಡತಿ, ನನ್ನ ತಾಯಿ, ಮತ್ತು ಭಾನುವಾರ ಸರಿಯಾಗಿ ಎಲೆ ಹಾಕುವ ಹೊತ್ತಿಗೆ ಬರುವ ಬಾಮೈದ.

“ನಿಮ್ಮ ಉತ್ತರ ನನಗೆ ಬೇಡ, ಪ್ರಶ್ನೆ ಏನು ಅರ್ಥ ಆಯ್ತು ಅಷ್ಟು ಹೇಳಿ” ಅಂತ ಅವಳು ಮೊದಲೇ ಎಚ್ಚರಿಸಿದ್ದಳು. ಬೇಡ ಅಂದ ಮೇಲೂ ಉತ್ತರ ಕೊಡದೆ ಇರಲು ನಾವೇನು ಸಾಮಾನ್ಯರೇ?

ಪ್ರಾಜೆಕ್ಟಿನ ಹೆಸರೇ ಮೊದಲ ತಾಪತ್ರಯವಾಯಿತು. ಅದರ ಮೂರು ವಿಷಯಗಳಲ್ಲಿ ಮೊದಲನೆಯದನ್ನು ಮನೆಯಲ್ಲಿ ಗಟ್ಟಿಯಾಗಿ ಹೇಳಬಹುದು. ಎರಡನೆಯದನ್ನು ಮೆತ್ತಗೆ ಹೇಳಬಹುದು. ಮೂರನೆಯದನ್ನು ನಾವು ‘ಮೂರನೆಯದು’ ಎಂದೇ ಕರೆದೆವು. ಕೋಲಾರದಿಂದ ಅಣ್ಣ ಫೋನ್ ಮಾಡಿ ವಿಚಾರಿಸಿದಾಗ “ವ್ಯಕ್ತಿತ್ವದ ಮೇಲೆ ರಿಸರ್ಚು” ಅಂತಷ್ಟೇ ಹೇಳಿ ಮಾತು ಮುಗಿಸಿದೆ. ಅವನು ಅದನ್ನು ವ್ಯಕ್ತಿತ್ವ ವಿಕಸನದ ಕೋರ್ಸು ಅಂದುಕೊಂಡು, ಇಂಟರ್‌ವ್ಯೂನಲ್ಲಿ ಬಾಯಿ ಬಿಡದ ತನ್ನ ಮಗನನ್ನು ನಮ್ಮನೆಗೆ ಕಳಿಸುವ ಮಾತಾಡಿದ. ಹುಡುಗ ಬಂದರೆ ಇವಳ ಮೂರನೆಯ ವಿಭಾಗ ನೋಡಿ ಇನ್ನೆಂದೂ ಬಾಯಿ ಬಿಡಲಾರ ಅಂತ ನಾನೇ ತಡೆದೆ.

ಸ್ಯಾಂಪಲ್ಲಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಿಲ್ಲ ಎಂಬುದು ನನ್ನ ದೃಢ ನಂಬಿಕೆ. 1996ರಲ್ಲಿ ಕೊತ್ತವಾಲ್ ಚಾವಡಿಯಿಂದ ಸಗಟು ಮಾರುಕಟ್ಟೆ ಕೋಯಂಬೇಡಿಗೆ ಬಂತಲ್ಲ, ಅಲ್ಲೊಂದು ಟೊಮೇಟೊ ಮಂಡಿಯಲ್ಲಿ ಲೆಕ್ಕ ಬರೆಯುವವನು ನಾನು. ರಾತ್ರಿ ಕೋಲಾರದ ಲಾರಿ ಬಂದು ನಿಂತರೆ 15 ಕೆ.ಜಿ. ಬಾಕ್ಸುಗಳು ಸಾಲಾಗಿ ಇಳಿಯುತ್ತವೆ. ಮೇಲಿನ ಪದರದಲ್ಲಿ ಕೆಂಪಗೆ, ದುಂಡಗೆ, ಬಿಗಿಯಾದ ಹಣ್ಣು. ಬುಡಕ್ಕೆ ಕೈ ಹಾಕಿದರೆ ಗೋಲಿ ಗಾತ್ರದ್ದು, ಒಡೆದದ್ದು, ಸೋರುತ್ತಿರುವುದು. ಮೇಲಿನದನ್ನು ನೋಡಿ ರೇಟು ಹೇಳಿದವನು ಅಂದು ಕೆಟ್ಟ. ಇದನ್ನೆಲ್ಲ ಮಗಳಿಗೆ ವಿವರಿಸಿದಾಗ ಅವಳು ನಕ್ಕು, “ನನ್ನ ಕಷ್ಟವೂ ಅದೇ ಅಪ್ಪ. ಫಾರಂ ಕೊಟ್ಟರೆ ಜನ ಮೇಲಿನ ಪದರ ತೋರಿಸ್ತಾರೆ” ಅಂದಳು. ಇಂಥ ಜನರ ಬಗ್ಗೆ ನಾನೂ ಬಹಳ ನಿಷ್ಠುರವಾಗಿ ಮಾತಾಡಿ, ಕನ್ನಡಕ ಹಾಕಿಕೊಂಡು ಫಾರಂ ತೆಗೆದುಕೊಂಡೆ.

ಮೊದಲನೆಯದು ವ್ಯಕ್ತಿತ್ವ. ಒಂದೊಂದು ವಾಕ್ಯಕ್ಕೂ ಐದೈದು ಮನೆ: ‘ಪೂರ್ತಿ ಒಪ್ಪುತ್ತೇನೆ’ಯಿಂದ ‘ಸ್ವಲ್ಪವೂ ಒಪ್ಪುವುದಿಲ್ಲ’ದವರೆಗೆ. ಅಮೆರಿಕದ ರೆನ್ಸಿಸ್ ಲಿಕರ್ಟ್ 1932ರಲ್ಲಿ ಹಾಕಿಕೊಟ್ಟ ದಾರಿಯಂತೆ ಇದು. ‘ನಾನು ವಸ್ತುಗಳನ್ನು ಅವುಗಳ ಜಾಗದಲ್ಲೇ ಇಡುತ್ತೇನೆ.’ ಪೂರ್ತಿ ಒಪ್ಪುತ್ತೇನೆ. ಅಷ್ಟರಲ್ಲಿ ಹೆಂಡತಿ ಅಡುಗೆಮನೆಯಿಂದ, “ರೀ, ನಿಮ್ಮ ಸ್ಕೂಟರ್ ಬೀಗದಕೈ ಮೊಸರಿನ ಪಾತ್ರೆ ಹಿಂದೆ ಇದೆ, ಫ್ರಿಜ್ಜಲ್ಲಿ” ಅಂದಳು. ಸ್ಕೂಟರಿನ ಬೀಗದಕೈಗೆ ಜಾಗ ಇಂಥದ್ದೇ ಅಂತ ಯಾವ ಶಾಸ್ತ್ರದಲ್ಲಿದೆ? ಮುಂದೆ ಹೋದೆ. ‘ನಾನು ವಸ್ತುಗಳನ್ನು ಎಲ್ಲೆಂದರಲ್ಲಿ ಬಿಡುತ್ತೇನೆ.’ ಅದಕ್ಕೂ ಪೂರ್ತಿ ಒಪ್ಪುತ್ತೇನೆ! ಹೀಗೆ ಎಲ್ಲದಕ್ಕೂ ತಲೆಯಾಡಿಸುವವರು ಪ್ರಪಂಚದಲ್ಲಿ ಬೇಕಾದಷ್ಟು ಜನ ಇದ್ದಾರಂತೆ. ಅವರನ್ನು ಹಿಡಿಯುವುದಕ್ಕೇ ಒಂದೇ ಪ್ರಶ್ನೆಯನ್ನು ತಲೆಕೆಳಗು ಮಾಡಿ ಮತ್ತೊಮ್ಮೆ ಕೇಳುತ್ತಾರಂತೆ.

ಆಮೇಲೆ ಬಂದದ್ದು ‘ನಾನು ಯಾರ ಬೆನ್ನ ಹಿಂದೆಯೂ ಅವರ ಬಗ್ಗೆ ಕೆಟ್ಟ ಮಾತಾಡಿಲ್ಲ’, ‘ನನಗೆ ಇನ್ನೊಬ್ಬರ ಏಳಿಗೆ ಕಂಡು ಹೊಟ್ಟೆಕಿಚ್ಚಾಗಿದ್ದೇ ಇಲ್ಲ’ ಎಂಬ ಜಾತಿಯ ಪ್ರಶ್ನೆಗಳು. ಎಲ್ಲದಕ್ಕೂ ‘ನಿಜ’ ಅಂತ ಗುರುತು ಹಾಕಿ, ಪೂರ್ತಿ ಅಂಕದ ನಿರೀಕ್ಷೆಯಲ್ಲಿ ಕೂತೆ. ಪೂರ್ತಿ ಅಂಕವೇ ಬಂತು. ಒಳ್ಳೆಯವನೆನಿಸಿಕೊಳ್ಳುವ ಚಪಲವನ್ನು ಅಳೆಯಲು ಕ್ರೌನ್ ಮತ್ತು ಮಾರ್ಲೋ ಎಂಬಿಬ್ಬರು 1960ರಲ್ಲಿ 33 ಹೇಳಿಕೆಗಳ ಮಾಪಕ ಮಾಡಿದ್ದರಂತೆ; ಇವೂ ಆ ಬಗೆಯವೇ. ಇಲ್ಲಿ ಅಂಕ ಹೆಚ್ಚಾದಷ್ಟೂ ಉಳಿದ ಉತ್ತರಗಳ ಮೇಲೆ ಅನುಮಾನ ಹೆಚ್ಚು. “ಭಾವ, ಹರಿಶ್ಚಂದ್ರನೂ ಇಷ್ಟು ತೆಗೀತಿರಲಿಲ್ಲ” ಅಂದ ಬಾಮೈದ, ಎರಡನೆಯ ಸಾರಿ ಸಾರು ಹಾಕಿಸಿಕೊಳ್ಳುತ್ತ.

ಎರಡನೆಯದು ಲಿಂಗತ್ವ. ಸ್ಯಾಂಡ್ರಾ ಬೆಮ್ ಎಂಬ ಮನಃಶಾಸ್ತ್ರಜ್ಞೆ 1974ರಲ್ಲಿ 60 ಗುಣಗಳ ಪಟ್ಟಿಯೊಂದನ್ನು ಪ್ರಕಟಿಸಿದಳು: ಸಮಾಜ ಗಂಡಿನದೆನ್ನುವ 20, ಹೆಣ್ಣಿನದೆನ್ನುವ 20, ಎರಡಕ್ಕೂ ಸೇರದ 20. ಪ್ರತಿ ಗುಣಕ್ಕೂ ಒಂದರಿಂದ ಏಳರವರೆಗೆ ಅಂಕ. ಸಲೀಸಾಗಿ ತೀರ್ಮಾನ ತೆಗೆದುಕೊಳ್ಳುವುದು, ಮುಂದಾಳತ್ವ ವಹಿಸುವುದು ಗಂಡಿನ ಪಟ್ಟಿಯಲ್ಲಿ. ಹೊಗಳಿಕೆಗೆ ಕರಗುವುದು, ಸುಲಭವಾಗಿ ಮೋಸ ಹೋಗುವುದು, ನಾಚುವುದು ಹೆಣ್ಣಿನ ಪಟ್ಟಿಯಲ್ಲಿ. ಪಟ್ಟಿ ನೋಡಿ ನನ್ನ ಮೀಸೆ ತಾನಾಗಿ ಇಳಿಯಿತು. ಈ ಫ್ಲ್ಯಾಟಿಗೆ ಅಡ್ವಾನ್ಸ್ ಕೊಟ್ಟದ್ದು, ಚೀಟಿ ಎತ್ತಿದ್ದು, ಮಗಳು ಏನು ಓದಬೇಕೆಂಬ ಮಾತು ಬಂದಾಗ ಅವಳ ಪರ ನಿಂತದ್ದು ಎಲ್ಲವೂ ನನ್ನ ಹೆಂಡತಿ. ಒಂದು ಹೊಗಳಿಕೆಗೆ ಕರಗಿ ಮೂರು ಡಜನ್ ಒಗ್ಗದ ಸಾಕ್ಸು ತಂದವನು ನಾನು.

ಬೆಮ್ ಹೇಳಿದ್ದೇ ಅದಂತೆ: ಗಂಡುತನ ಒಂದು ತುದಿ, ಹೆಣ್ಣುತನ ಇನ್ನೊಂದು ತುದಿ ಅಲ್ಲ. ಎರಡನ್ನೂ ಬೇರೆ ಬೇರೆಯಾಗಿ ಅಳೆಯಬೇಕು, ಒಬ್ಬರಲ್ಲೇ ಎರಡೂ ಧಾರಾಳವಾಗಿರಬಹುದು. ಆದರೆ ಯಾವ ಗುಣ ಯಾರದೆಂದು ಆಗ ತೀರ್ಮಾನಿಸಿದವರು ಸ್ಟ್ಯಾನ್‌ಫರ್ಡಿನ ವಿದ್ಯಾರ್ಥಿಗಳು. ಅದನ್ನು ಇಲ್ಲಿಗೆ ಹಾಗೇ ಹಚ್ಚುವಂತಿಲ್ಲ, ಮೊದಲು ಇಲ್ಲಿನವರನ್ನೇ ಕೇಳಿ ಪರೀಕ್ಷಿಸಬೇಕು ಎಂಬುದು ಮಗಳ ಪಟ್ಟು. ನಾನು ತಕ್ಷಣ ಒಪ್ಪಿದೆ. ಅಮೆರಿಕದವರು ನನ್ನನ್ನು ಅಳೆಯುವುದು ನನಗೂ ಇಷ್ಟವಿರಲಿಲ್ಲ.

‘ನೀವು ಯಾರು?’ ಎಂಬ ಸಾಲಿನ ಕೆಳಗೆ ಅವಳು ಗಂಡು, ಹೆಣ್ಣು ಅಂತ ಎರಡೇ ಚೌಕ ಹಾಕಿರಲಿಲ್ಲ. ತಿರುನಂಗೈ (ಟ್ರಾನ್ಸ್ ಹೆಣ್ಣು), ತಿರುನಂಬಿ (ಟ್ರಾನ್ಸ್ ಗಂಡು), ಬೇರೆ, ಹೇಳಲು ಇಷ್ಟವಿಲ್ಲ, ಇವಕ್ಕೂ ಜಾಗವಿತ್ತು. ತಮಿಳುನಾಡಿನಲ್ಲಿ ಇದು ಹೊಸದಲ್ಲ. ಲಿಂಗಪರಿವರ್ತಿತರಿಗೆ ಇಲ್ಲಿ 2008ರಲ್ಲೇ ಕಲ್ಯಾಣ ಮಂಡಳಿ ಬಂದಿತ್ತು. ದೇಶದ ಜನಗಣತಿ ಗಂಡು ಹೆಣ್ಣಿನ ಜೊತೆ ‘ಇತರೆ’ ಅಂತ ಎಣಿಸಿದ್ದು 2011ರಲ್ಲಿ. ಆಗ ಸಿಕ್ಕ ಲೆಕ್ಕ 4,87,803. “ಯಾರ ಮನೆ ಬಾಗಿಲಲ್ಲಿ, ಯಾರೆದುರು ಕೇಳಿದ ಲೆಕ್ಕ ಅಂತಲೂ ಯೋಚಿಸಬೇಕಲ್ಲ ಅಪ್ಪ?” ಅಂದಳು. ಮೇಲಿನ ಪದರ ನೆನಪಾಗಿ ಸುಮ್ಮನಾದೆ.

“ಇದೆಲ್ಲ ನಮಗೆ ಎಲ್ಲಿ ಅರ್ಥವಾಗಬೇಕು” ಅಂತ ಜಾರಿಕೊಳ್ಳುವ ನನ್ನ ಹಳೆಯ ದಾರಿಯನ್ನು ಬಾಮೈದ ಮುಚ್ಚಿಬಿಟ್ಟ. 2021ರಲ್ಲಿ ಮದ್ರಾಸ್ ಹೈಕೋರ್ಟಿನ ಮುಂದೆ ಸಲಿಂಗ ಜೋಡಿಯೊಂದರ ರಕ್ಷಣೆಯ ಪ್ರಕರಣ ಬಂದಾಗ ನ್ಯಾಯಮೂರ್ತಿ ಆನಂದ್ ವೆಂಕಟೇಶ್, ಈ ವಿಷಯದಲ್ಲಿ ತಮ್ಮ ತಿಳಿವಳಿಕೆ ಸಾಲದೆಂದು ಬಹಿರಂಗವಾಗಿ ಹೇಳಿ, ಮನಃಶಾಸ್ತ್ರಜ್ಞೆಯೊಬ್ಬರ ಮುಂದೆ ತಾವೇ ಪಾಠಕ್ಕೆ ಕೂತು, ಆಮೇಲೆ ಆದೇಶ ಬರೆದರು. ಮುಂದೆ 2022ರಲ್ಲಿ ತಮಿಳುನಾಡು ಸರ್ಕಾರ ಲೈಂಗಿಕ ಮತ್ತು ಲಿಂಗತ್ವ ಅಲ್ಪಸಂಖ್ಯಾತರನ್ನು ಗೌರವದಿಂದ ಕರೆಯುವ ಪದಗಳ ಪಟ್ಟಿಯನ್ನು ಗೆಜೆಟ್ಟಿನಲ್ಲೇ ಹೊರಡಿಸಿತು. “ಹೈಕೋರ್ಟ್ ಜಡ್ಜೇ ಕ್ಲಾಸಿಗೆ ಕೂತರೆ ನಿಮಗೇನು ದಾಡಿ ಭಾವ?” ಅಂದ.

ಅಮ್ಮ ಇಷ್ಟು ಹೊತ್ತೂ ಮೊದಲ ಪುಟದಲ್ಲೇ ಇದ್ದಳು, ಭೂತಗನ್ನಡಿ ಹಿಡಿದು. ನಮ್ಮಲ್ಲಿ ಯಾರೂ ಆ ಪುಟ ಓದಿರಲಿಲ್ಲ. “‘ಯಾವುದೇ ಕಾರಣ ಕೊಡದೆ, ಯಾವ ಹಂತದಲ್ಲಾದರೂ ನೀವು ಹಿಂದೆ ಸರಿಯಬಹುದು’ ಅಂತ ಬರೆದೀಯಲ್ಲ ಪುಟ್ಟಿ, ಇದು ನಿಜವೇನೇ?”

“ನಿಜ ಅಜ್ಜಿ.”

“ಹಾಗಾದ್ರೆ ಸರಿದೆ. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಇಂಥಾ ಮಾತು ಯಾರೂ ನನಗೆ ಹೇಳಿರಲಿಲ್ಲ” ಅಂದವಳೇ ಎದ್ದು ಟಿ.ವಿ. ಹಾಕಿಕೊಂಡಳು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐ.ಸಿ.ಎಂ.ಆರ್.) 2017ರ ಮಾರ್ಗಸೂಚಿ ಹೇಳುವ ತಿಳಿವಳಿಕೆಯ ಸಮ್ಮತಿ ಎಂಬುದನ್ನು ನಮ್ಮನೆಯಲ್ಲಿ ಸರಿಯಾಗಿ ಗ್ರಹಿಸಿದವಳು ಅವಳೊಬ್ಬಳೇ ಅಂತ ಮಗಳು ಬರೆದುಕೊಂಡಳು.

ಉಳಿದದ್ದು ಮೂರನೆಯದು. ಬಾಗಿಲು ಹಾಕಿ, ಕಿಟಕಿಯನ್ನೂ ಹಾಕಿ ಕೂತೆವು. ಈ ವಿಷಯದ ಸಮೀಕ್ಷೆಗಳ ಹಿರಿಯ ಆಲ್‌ಫ್ರೆಡ್ ಕಿನ್ಸಿ ಮೊದಲಿಗೆ ಕಣಜಗಳನ್ನು ಅಧ್ಯಯನ ಮಾಡುತ್ತಿದ್ದ ಪ್ರಾಣಿಶಾಸ್ತ್ರಜ್ಞ. 1948ರಲ್ಲಿ ಗಂಡಸರ ಬಗ್ಗೆ, 1953ರಲ್ಲಿ ಹೆಂಗಸರ ಬಗ್ಗೆ ಪುಸ್ತಕ ತಂದ. ಒಲವು ಯಾರ ಕಡೆಗೆ ಎಷ್ಟೆಂದು ಅಳೆಯುವ, ಸೊನ್ನೆಯಿಂದ ಆರರವರೆಗಿನ ಮಾಪಕವೂ ಅವನದೇ. ಆದರೆ ಅವನು ಕೇಳಿದ್ದು ಹೇಳಲು ತಾವಾಗಿ ಬಂದವರನ್ನು, ಜೈಲಿನಲ್ಲಿದ್ದವರನ್ನು. ಇಡೀ ದೇಶಕ್ಕೆ ಇದನ್ನು ಅನ್ವಯಿಸುವುದು ಹೇಗೆ ಅಂತ ಸಂಖ್ಯಾಶಾಸ್ತ್ರಜ್ಞರು ಆಗಲೇ ತಕರಾರು ತೆಗೆದರು. ವಾಟ್ಸ್‌ಆ್ಯಪ್ ಗುಂಪಿಗೆ ಲಿಂಕು ಬಿಟ್ಟರೆ ತನಗೂ ಅದೇ ಗತಿ ಅಂತ ಮಗಳ ಭಯ. ಅವಳು ಒಂದನ್ನೇ ಮೂರಾಗಿ ಸೀಳಿದ್ದಳು: ಮನಸ್ಸು ಯಾರ ಕಡೆ ಹೋಗುತ್ತದೆ, ನಡೆದಿರುವುದೇನು, ನಿಮ್ಮನ್ನು ನೀವು ಏನೆಂದುಕೊಳ್ಳುತ್ತೀರಿ. ಮೂರಕ್ಕೂ ಉತ್ತರ ಒಂದೇ ಆಗಬೇಕೆಂದಿಲ್ಲ. ‘ಯಾರ ಕಡೆಗೂ ಇಲ್ಲ’ ಅನ್ನುವವರಿಗೂ ಚೌಕ ಇರಬೇಕು.

ನಾನೂ ಒಂದು ಪ್ರಶ್ನೆ ಕಾಣಿಕೆ ಕೊಟ್ಟೆ: ‘ಹೆತ್ತವರ ಮಾತು ಕೇಳುವ, ನಮ್ಮ ಸಂಸ್ಕೃತಿಯನ್ನು ಗೌರವಿಸುವ ನಿಮಗೆ ಇಂಥ ವಿಚಾರಗಳು ಮುಜುಗರ ತರುವುದಿಲ್ಲವೇ?’ ಮಗಳು ಅದನ್ನು ಅಕ್ಷರ ಬಿಡದೆ ಬರೆದುಕೊಂಡಳು. ಒಂದೇ ವಾಕ್ಯದಲ್ಲಿ ಎರಡು ಮೂರು ಪ್ರಶ್ನೆ ತುರುಕಿ, ಉತ್ತರವನ್ನೂ ಬಾಯಿಗಿಟ್ಟು ಕೇಳುವುದು ಹೇಗೆಂಬುದಕ್ಕೆ ಅನುಬಂಧದಲ್ಲಿ ಉದಾಹರಣೆ ಬೇಕಿತ್ತಂತೆ. ಏನೇ ಆಗಲಿ, ಪ್ರಬಂಧದಲ್ಲಿ ನನ್ನದೂ ಒಂದು ಸಾಲಿದೆ.

ಹೇಳಲು ಅಂಜುವವರಿಂದ ನಿಜ ಹೊರಡಿಸಲು ಒಂದು ಉಪಾಯವಿದೆ ಅಂತ ಅವಳು ನಾಣ್ಯ ತೆಗೆದಳು. ಸ್ಟ್ಯಾನ್ಲಿ ವಾರ್ನರ್ ಎಂಬಾತ 1965ರಲ್ಲಿ ಇದರ ಮೂಲ ಸೂತ್ರ ಹೇಳಿಕೊಟ್ಟ. ನಾಣ್ಯದ ಆಟ ಆಮೇಲಿನವರದು. ಯಾರಿಗೂ ಕಾಣದಂತೆ ಚಿಮ್ಮಬೇಕು. ಸಿಂಹ ಬಿದ್ದರೆ ಪ್ರಶ್ನೆ ಏನೇ ಇರಲಿ ‘ಹೌದು’ ಅನ್ನಬೇಕು, ಅಂಕಿ ಬಿದ್ದರೆ ನಿಜ ಹೇಳಬೇಕು. 100 ಜನರಲ್ಲಿ 70 ಮಂದಿ ‘ಹೌದು’ ಅಂದರೆ, ಸುಮಾರು 50 ಸಿಂಹದ ಲೆಕ್ಕಕ್ಕೆ. ಉಳಿದ 50ರಲ್ಲಿ 20 ನಿಜವಾದ ಹೌದು, ಅಂದರೆ ನೂರಕ್ಕೆ 40. ಇಡೀ ಗುಂಪಿನ ಸತ್ಯ ಸಿಗುತ್ತದೆ, ಒಬ್ಬೊಬ್ಬರ ಗುಟ್ಟು ಉಳಿಯುತ್ತದೆ.

ಮನೆಯ ಮಟ್ಟಿಗೆ ಪ್ರಶ್ನೆ ಸಾಧುವಾಗಿತ್ತು: ‘ಈ ತಿಂಗಳು ಮನೆಯವರಿಗೆ ಹೇಳದೆ ಸಿಹಿ ತಿಂದಿದ್ದೀರಾ?’ ನನಗೆ ಸಕ್ಕರೆ ಕಾಯಿಲೆ. ಫ್ರಿಜ್ಜಿನ ಮರೆಗೆ ಹೋಗಿ ಐದು ರೂಪಾಯಿ ಚಿಮ್ಮಿದೆ. ಅದು ಬೆರಳಿಗೆ ತಾಗಿ, ನೆಲಕ್ಕೆ ಬಿದ್ದು, ಉರುಳುತ್ತ ಫ್ರಿಜ್ಜಿನ ಅಡಿಗೆ ಹೋಯಿತು. “ಹೌದು” ಅಂತ ಧೈರ್ಯವಾಗಿ ಘೋಷಿಸಿದೆ.

“ಸಿಂಹವೋ ಅಂಕಿಯೋ, ತೋರ್ಸಿ” ಅಂದಳು ಹೆಂಡತಿ.

“ಅಮ್ಮಾ, ನೋಡಬಾರದು, ಅದೇ ಇದರ ನಿಯಮ!”

“ನಿಮ್ಮ ಕಾಲೇಜಲ್ಲಿ ನಿಯಮ. ಇದು ಮನೆ” ಅಂತ ಅವಳು ಪೊರಕೆ ತಿರುಗಿಸಿ ಅದರ ಬುಡವನ್ನು ಫ್ರಿಜ್ಜಿನಡಿ ಆಡಿಸಿದಳು. ಮೊದಲು ಒಂದು ಒಣಗಿದ ನಿಂಬೆಹಣ್ಣು ಬಂತು. ಆಮೇಲೆ ನಾಲ್ಕಾಗಿ ಮಡಿಸಿದ, ಇನ್ನೂ ತುಪ್ಪದ ಜಿಡ್ಡಿರುವ ಮೈಸೂರ್ ಪಾಕಿನ ಕಾಗದ. ನಾಣ್ಯ ಕೊನೆಗೆ ಬಂತು, ಆದರೆ ಅದನ್ನು ನೋಡುವ ಅಗತ್ಯ ಯಾರಿಗೂ ಉಳಿದಿರಲಿಲ್ಲ. ಮಗಳು ಟಿಪ್ಪಣಿ ಪುಸ್ತಕದಲ್ಲಿ, ‘ಮನೆಯಲ್ಲಿ ಖಾಸಗಿತನ: ಸೊನ್ನೆ’ ಅಂತ ಬರೆದು ಕೆಳಗೆ ಗೆರೆ ಎಳೆದಳು.

ಆ ಗೆರೆಯಿಂದ ಸಮೀಕ್ಷೆಯ ವಿನ್ಯಾಸವೇ ಬದಲಾಯಿತು. ಮೈಸೂರ್ ಪಾಕು ತಿಂದವನಿಗೆ ಸಿಗುವುದು ಒಂದು ವಾರದ ಬೈಗುಳ. ಮೂರನೆಯ ವಿಭಾಗದಲ್ಲಿ ನಿಜ ಬರೆದು ಸಿಕ್ಕಿಬಿದ್ದ ವಿದ್ಯಾರ್ಥಿಗೆ ಮನೆಯೇ ತಪ್ಪಬಹುದು. ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಅಂದಿದೆ ನಿಜ, ಆದರೆ ಹೆಗಲ ಹಿಂದಿನಿಂದ ಇಣುಕುವ ಅಪ್ಪಂದಿರಿಗೆ ಆ ತೀರ್ಪು ಇನ್ನೂ ತಲುಪಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರೂ ಮನೆಯೊಳಗಿನ ಹಿಂಸೆಯ ಪ್ರಶ್ನೆಗಳನ್ನು ಒಂದು ಮನೆಯಲ್ಲಿ ಒಬ್ಬ ಹೆಂಗಸಿಗೆ ಮಾತ್ರ, ಬೇರೆ ಯಾರೂ ಇಲ್ಲದ ಕಡೆ ಕೇಳುತ್ತಾರಂತೆ. ಮಗಳು ಫಾರಂ ಮನೆಗೆ ಕಳಿಸುವುದನ್ನು ಕೈಬಿಟ್ಟಳು. ಕಾಲೇಜಿನ ಕೋಣೆ, ದೂರ ದೂರ ಕುರ್ಚಿ, ಹೆಸರಿಲ್ಲದ ಕಾಗದ, ಮುಚ್ಚಿದ ಡಬ್ಬ. ಊರು ಮತ್ತು ಓದುತ್ತಿರುವ ವಿಭಾಗ ಕೇಳುವ ಸಾಲುಗಳನ್ನೂ ಹೊಡೆದುಹಾಕಿದಳು. ಆ ಎರಡು ಕೂಡಿದರೆ ಕೆಲವರ ಹೆಸರೇ ಬೇಕಾಗುವುದಿಲ್ಲ.

ಆದ್ದರಿಂದ ಓದುಗರಲ್ಲಿ, ಅದರಲ್ಲೂ ಅಪ್ಪಂದಿರಲ್ಲಿ, ನನ್ನ ವಿನಂತಿ ಇಷ್ಟೇ. ನಿಮ್ಮ ಮಕ್ಕಳ ಕೈಗೆ ಇಂಥ ಫಾರಂ ಬಂದರೆ ಕೋಣೆಯಿಂದ ಎದ್ದು ಹೋಗಿ. ನಿಮ್ಮ ಕೈಗೇ ಬಂದರೆ ಮೊದಲ ಪುಟ ಓದಿ. ಇಷ್ಟವಿಲ್ಲದಿದ್ದರೆ ನಮ್ಮಮ್ಮನ ಹಾಗೆ ಟಿ.ವಿ. ಹಾಕಿಕೊಳ್ಳಿ, ಇಷ್ಟವಿದ್ದರೆ ಬುಡದ ಪದರದಿಂದ ಬರೆಯಿರಿ. ಹೆಂಡತಿಯ ಫಾರಂ ಮಾತ್ರ ಇಣುಕಿ ನೋಡಬೇಡಿ. ನೋಡಿದರೆ ಸಮೀಕ್ಷೆಯೂ ಕೆಡುತ್ತದೆ, ಸಂಸಾರವೂ ಕೆಡುತ್ತದೆ.