ಉಳುವವನೇ ಗಿರಾಕಿ

ಏಳನೇ ಕ್ಲಾಸಿನಲ್ಲಿ ನನಗೆ ಬರುತ್ತಿದ್ದಷ್ಟು ಹೊಟ್ಟೆನೋವು ನಮ್ಮೂರಿನಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ. ಅದಕ್ಕೊಂದು ಪಂಚಾಂಗವೇ ಇತ್ತು. ಶ್ರಾವಣದಲ್ಲಿ ರಾಗಿ ಹೊಲಕ್ಕೆ ಕಳೆ ಕೀಳಲು ಹೊರಟಾಗ ಕಿಬ್ಬೊಟ್ಟೆಯಲ್ಲಿ ಶುರುವಾಗುತ್ತಿತ್ತು. ಕುಯ್ಲಿನ ಹೊತ್ತಿಗೆ ಬೆನ್ನಿಗೆ ಹರಿಯುತ್ತಿತ್ತು. ಕೊಟ್ಟಿಗೆಯ ಸಗಣಿ ಬಾಚುವ ಮಾತೆದ್ದರೆ ಮಾತ್ರ ಯಾವ ಮಾಸ, ಯಾವ ತಿಥಿ ಎಂದೂ ನೋಡದೆ ಬರುತ್ತಿತ್ತು. ಸ್ಕೂಲಿನ ಗಂಟೆ ಕೇಳಿದ ಕೂಡಲೇ ವಾಸಿ. ಆ ಹೊಟ್ಟೆನೋವಿನ ದೆಸೆಯಿಂದಲೇ ನಾನು ಓದಿದೆ, ಗುಬ್ಬಿ ತಾಲ್ಲೂಕು ದಾಟಿ ಬೆಂಗಳೂರು ಸೇರಿದೆ, ಮೂವತ್ತೊಂದು ವರ್ಷ ಫ್ಯಾನಿನ ಕೆಳಗೆ ಕೂತು ಫೈಲು ಕಟ್ಟಿದೆ, ಈಗ ಪೆನ್ಷನ್ ಎಣಿಸುತ್ತಿದ್ದೇನೆ. ನನ್ನ ಪಾಲಿನ ಸಗಣಿಯನ್ನು ಬಾಚಿದವನು ಅಣ್ಣ. ಈಗಲೂ ಅವನೇ ಬಾಚುತ್ತಿದ್ದಾನೆ.

ಅಂಥ ನನ್ನ ಮೊಬೈಲಿಗೆ ಕಳೆದ ಡಿಸೆಂಬರಿನಲ್ಲಿ ಇಂಜಿನಿಯರ ಮೆಸೇಜು ಬಂತು. ‘ಒಂದು ದಿನ ರೈತರಾಗಿ! ಉಳುಮೆ, ಹಾಲು ಕರೆಯುವುದು, ಕೆಸರುಗದ್ದೆ ಓಟ, ಹಳ್ಳಿ ಊಟ. ತಲೆಗೆ 1,200 ರೂಪಾಯಿ.’ ಓದಿದೆ. ಹೊಟ್ಟೆ ನೋಯಲಿಲ್ಲ. ಆಗಲೇ ನಾನು ಅನುಮಾನಪಡಬೇಕಿತ್ತು.

ನಾವು ನಾಲ್ವರು, ಬೆಳಗಿನ ವಾಕಿಂಗಿನ ಗೆಳೆಯರು. ಇಂಜಿನಿಯರು ಮಲ್ಲೇಶ್ವರದಲ್ಲೇ ಹುಟ್ಟಿ ಬೆಳೆದವರು, ಹಸುವನ್ನು ಹತ್ತಿರದಿಂದ ನೋಡಿದ್ದು ಗೃಹಪ್ರವೇಶಗಳಲ್ಲಿ ಮಾತ್ರ. ಮೇಷ್ಟ್ರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದವರು. ನಿವೃತ್ತಿಯಾಗಿ ಐದು ವರ್ಷವಾದರೂ ಪಾಠ ನಿಂತಿಲ್ಲ. ಇನ್ನೊಬ್ಬರು ಬ್ಯಾಂಕಿನಲ್ಲಿದ್ದವರು, ನಮ್ಮ ಕಾಫಿ ಲೆಕ್ಕವನ್ನೂ ನೋಟುಬುಕ್ಕಿನಲ್ಲಿ ಬರೆಯುವುದರಿಂದ ಅವರಿಗೆ ಶ್ಯಾನುಭೋಗರೆಂದು ಹೆಸರು. ತಲೆಗೂದಲು ಕಾಡಿಗೆಗಿಂತ ಕಪ್ಪು. ಐವತ್ತಾರು ಎಂದು ಹೇಳಿಕೊಂಡು ನಾಲ್ಕು ವರ್ಷವಾಯಿತು, ನಾವೂ ತಕರಾರು ಮಾಡಿಲ್ಲ.

ಭಾನುವಾರ ಏಳಕ್ಕೆ ಹೊರಟೆವು. ಮಾಗಡಿ ಕಡೆ ಹೋಗುವುದಕ್ಕೆ ನೆಟ್ಟಗೆ ಮಾಗಡಿ ರಸ್ತೆಯೇ ಇರುವಾಗ ಇಂಜಿನಿಯರು ಮೊಬೈಲಿನ ಹೆಂಗಸಿನ ಮಾತು ನಂಬಿ ಮೈಸೂರು ರಸ್ತೆ ಹಿಡಿದರು. ಅದರಿಂದ ಒಂದು ಲಾಭವಾಯಿತು: ದೊಡ್ಡಾಲದ ಮರ ಸಿಕ್ಕಿತು. ಸುಮಾರು ಮೂರು ಎಕರೆಗೆ ಹಬ್ಬಿದ, ನಾನೂರು ವರ್ಷದ ಆ ಮರದ ಮೂಲ ಕಾಂಡ ಈಗಿಲ್ಲ, ರೋಗ ಬಿದ್ದು ಹೋಯಿತು. ಇರುವುದೆಲ್ಲ ಬಿಳಲುಗಳ ಸಂಸಾರ. ‘ನೋಡಿ, ಯಜಮಾನ ಹೋದಮೇಲೂ ಅವಿಭಕ್ತ ಕುಟುಂಬ’ ಎಂದು ಮೇಷ್ಟ್ರು ಶುರುಮಾಡುವಷ್ಟರಲ್ಲಿ ಆ ಕುಟುಂಬದ ಕೋತಿಯೊಂದು ಇಳಿದು ಬಂದು ಶ್ಯಾನುಭೋಗರ ಕೈಯ ಚಕ್ಕುಲಿ ಪೊಟ್ಟಣವನ್ನು ಲೆಕ್ಕಕ್ಕೆ ಸಿಗದಂತೆ ಒಯ್ದಿತು. ನೋಟುಬುಕ್ಕಿನಲ್ಲಿ ಆವತ್ತಿನ ಮೊದಲ ಖರ್ಚು: ‘ಕೋತಿ — 60.’

ಊರು ಎಂಬುದು ಕಾಂಪೌಂಡಿನೊಳಗಿತ್ತು. ಹೊರಗೆ ಕಾರು ನಿಲ್ಲಿಸುವ ಬಯಲು. ಹೆಗಲ ಮೇಲೆ ಟವೆಲ್ಲು, ಬಾಯಲ್ಲಿ ಸೀಟಿ, ಕೈಯಲ್ಲಿ ಕೋಲು ಹಿಡಿದ ಹಿರಿಯರೊಬ್ಬರು ದನ ಅಟ್ಟುವ ಹಾಗೆ ಕಾರುಗಳನ್ನು ಅಟ್ಟಿ ಸಾಲಿಗೆ ಕಟ್ಟುತ್ತಿದ್ದರು.

‘ಇದೇ ಊರೇ ಯಜಮಾನ್ರೆ?’ ಅಂದೆ.

‘ಊರೂ ನಮ್ದೇ, ಈ ಜಾಗಾನೂ ನಮ್ದೇ ಆಗಿತ್ತು ಸಾ. ಆಗ ಇಲ್ಲಿ ನಾನು ಹುರುಳಿ ಹಾಕ್ತಿದ್ದೆ. ಈಗ ನೀವು ಕಾರು ಹಾಕ್ತೀರ.’

‘ಎರಡರಲ್ಲಿ ಯಾವುದು ಪರವಾಗಿಲ್ಲ?’ ಶ್ಯಾನುಭೋಗರಿಗೆ ಇಂಥ ವಿಷಯದಲ್ಲಿ ಕುತೂಹಲ.

‘ಹುರುಳಿ, ಮಳೆ ಬಂದ್ರೆ ಬರ್ತಿತ್ತು. ಕಾರು, ಭಾನುವಾರ ಬಂದ್ರೆ ಬರ್ತವೆ. ಇನ್ನೊಂಚೂರು ಎಡಕ್ಕೆ ತಗೊಳಿ ಸಾ.’

ಟಿಕೆಟ್ ಕಿಟಕಿಯ ಮೇಲೆ ಬೋರ್ಡು: ಅರವತ್ತು ತುಂಬಿದವರಿಗೆ 200 ರೂಪಾಯಿ ರಿಯಾಯಿತಿ, ಆಧಾರ್ ತೋರಿಸಿ. ಮೇಷ್ಟ್ರು, ಇಂಜಿನಿಯರು, ನಾನು ಕಾರ್ಡು ತೆಗೆದೆವು. ಶ್ಯಾನುಭೋಗರ ಮುಖದಲ್ಲಿ ನಡೆದ ಯುದ್ಧವನ್ನು ವರ್ಣಿಸಲು ಗದುಗಿನ ಕವಿಯೇ ಬೇಕು. ಒಂದು ಕಡೆ ಇನ್ನೂರು ರೂಪಾಯಿ, ಇನ್ನೊಂದು ಕಡೆ ತಲೆಗೂದಲು. ‘ನೀವು ನಡೀರಿ, ಚಪ್ಪಲಿಗೆ ಕಲ್ಲು ಸಿಕ್ಕಿಕೊಂಡಿದೆ’ ಎಂದು ಹಿಂದುಳಿದರು. ಐದು ನಿಮಿಷ ಬಿಟ್ಟು ಬಂದರು. ಕಲ್ಲು ಸಿಕ್ಕಿತೋ ಇಲ್ಲವೋ, ಜೇಬಿನಿಂದ ಇಣುಕುತ್ತಿದ್ದ ರಸೀತಿಯಲ್ಲಿ ಒಂದು ಸಾವಿರ ಎಂದಿತ್ತು.

ಬಾಗಿಲಲ್ಲಿ ಆರತಿ, ಕುಂಕುಮ, ಪೇಪರ್ ಲೋಟದಲ್ಲಿ ಪಾನಕ. ತಲೆಗೆ ಜರಿ ಪೇಟ ಇಟ್ಟರು. ನಮ್ಮೂರಿನಲ್ಲಿ ಯಾರೂ ಜರಿ ಪೇಟ ಇಟ್ಟು ಹೊಲಕ್ಕೆ ಹೋದವರಲ್ಲ; ತಲೆಗೆ ಸುತ್ತಿದ ಟವೆಲ್ಲೇ ಬೆವರಿಗೂ, ಬುತ್ತಿಗೂ, ಮಧ್ಯಾಹ್ನದ ನಿದ್ದೆಗೂ. ಒಳಗೆ ಐದಾರು ಎಕರೆಯಲ್ಲಿ ಅಖಂಡ ಕರ್ನಾಟಕ. ಮಲೆನಾಡಿನ ಜಗಲಿ, ಅದರ ಪಕ್ಕಕ್ಕೇ ಧಾರವಾಡ ಕಡೆಯ ಕಟ್ಟೆ, ಕಟ್ಟೆ ಮೇಲೆ ಅಳಿಗುಳಿಮಣೆ, ಎದುರಿಗೆ ಲಗೋರಿ ಕಲ್ಲು. ಶಿಗ್ಗಾಂವಿ ಹತ್ತಿರದ ಗೊಟಗೋಡಿಯಲ್ಲೂ ಹೀಗೊಂದು ಹಳ್ಳಿ ಇದೆ, ಉತ್ಸವ ರಾಕ್ ಗಾರ್ಡನ್ ಅಂತ. ಅಲ್ಲಿ ಒಕ್ಕಲಿಗ, ಕಮ್ಮಾರ, ಚಪ್ಪಲಿ ಹೊಲಿಯುವವ ಎಲ್ಲರೂ ಶಿಲ್ಪಗಳು. ಅದರಲ್ಲೊಂದು ಅನುಕೂಲ: ನಾವು ಮಾಡುವ ಕೆಲಸ ನೋಡಿ ಅವರು ನಗುವುದಿಲ್ಲ.

ಮೇಷ್ಟ್ರು ಜಗಲಿಯ ಮೇಲೆ ಕೂತು ಪಾಠ ತೆಗೆದರು. ಇಟಲಿಯಲ್ಲಿ ಈ ಥರದ ತೋಟದ ಪ್ರವಾಸಕ್ಕೆಂದೇ 1985ರಲ್ಲಿ ಕಾಯಿದೆ ಬಂತಂತೆ. ಅದರ ಪ್ರಕಾರ ಬೇಸಾಯವೇ ಮುಖ್ಯ ಕಸುಬಾಗಿರಬೇಕು, ಅತಿಥಿ ಸತ್ಕಾರ ಅದಕ್ಕೆ ಪೂರಕ. ‘ಇಲ್ಲಿ ಮುಖ್ಯ ಯಾವುದು?’ ಎಂದೆ. ಅವರು ಸುತ್ತ ನೋಡಿದರು. ಬೇಸಾಯ ಎಂದು ಕಾಣಿಸಿದ್ದು ಎರಡು ಸಾಲು ಬದನೆ ಗಿಡ, ಅದರ ಮುಂದೆ ‘ಮುಟ್ಟಬೇಡಿ’ ಎಂಬ ಫಲಕ.

ಕಣದಲ್ಲಿ ರಾಗಿ ಮೆದೆಯೊಂದನ್ನು ಚೆನ್ನಾಗಿ ಒಟ್ಟಿದ್ದರು. ಪಕ್ಕದಲ್ಲಿ ಬೋರ್ಡು: ‘ಸಾವಿರಾರು ವರ್ಷಗಳ ಅಪ್ಪಟ ದೇಸಿ ರಾಗಿ.’ ನೀರು ಕುಡಿಯಲು ಒಳಗೆ ಬಂದಿದ್ದ ಪಾರ್ಕಿಂಗ್ ಯಜಮಾನರು ಒಂದು ತೆನೆ ಕಿತ್ತು, ಅಂಗೈಯಲ್ಲಿ ಉಜ್ಜಿ, ಊದಿ, ‘ಜಿಪಿಯು ಇಪ್ಪತ್ತೆಂಟು ಸಾ. ಬೆಂಕಿರೋಗ ತಡೀತದೆ ಅಂತ ಜಿಕೆವಿಕೆಯೋರು ಬಿಟ್ಟಿದ್ದು’ ಎಂದು ನಡೆದರು. ಮೇಷ್ಟ್ರಿಗೆ ಇಷ್ಟು ಸಾಕಾಯಿತು. ರಾಗಿಯ ತವರೇ ಆಫ್ರಿಕಾ. ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ನೆಂಟಸ್ತನ ಮಾಡಿಸಿದ್ದರಿಂದಲೇ ಆ ತಳಿಗಳಿಗೆ ಇಂಡಾಫ್ ಎಂದು ಹೆಸರು. ಇಂಡಿಯಾದ ‘ಇಂಡ್’, ಆಫ್ರಿಕಾದ ‘ಆಫ್’. ನಾನು ಬಾಯಿ ಬಿಟ್ಟೆ. ಅಪ್ಪ ಹಾಕುತ್ತಿದ್ದುದು ಇಂಡಾಫೇ. ಅದು ಯಾರೋ ದೊಡ್ಡ ಆಫೀಸರ ಹೆಸರೆಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಕಳೆ ಕೀಳಲು ಹೋಗಿದ್ದರೆ ಗೊತ್ತಾಗುತ್ತಿತ್ತೇನೋ.

ಇನ್ನು ಉಳುಮೆ. ಹಳ್ಳಿಕಾರ್ ಜೋಡಿ, ಬೂದು ಮೈ, ಹಿಂದಕ್ಕೆ ಬಾಗಿದ ಕೊಂಬು, ನೋಡಿದರೆ ಎದ್ದು ಕೈ ಮುಗಿಯಬೇಕು. ಮೇಳಿ ಹಿಡಿದೆ. ‘ಹೋ... ಬಾ ಬಾ... ಹೋ’ ಎಂದು ಅಪ್ಪನ ದನಿಯನ್ನೇ ಗಂಟಲಿನಿಂದ ಹುಡುಕಿ ತೆಗೆದೆ. ಎತ್ತುಗಳು ಅಲುಗಲಿಲ್ಲ. ಬಲಗಡೆಯದು ತಿರುಗಿ ನೋಡಿತು, ಮತ್ತೆ ಮೆಲುಕು ಹಾಕಿತು. ಆಗ ಪಂಚೆ ಉಟ್ಟು, ಪೇಟ ಸುತ್ತಿ, ಗಿರಿಜಾ ಮೀಸೆ ಅಂಟಿಸಿಕೊಂಡ ಹುಡುಗನೊಬ್ಬ ಓಡಿ ಬಂದ. ಎದೆಯ ಮೇಲೆ ಬಿಲ್ಲೆ: ‘ರೈತ 3’. ಅವನು ಎತ್ತಿನ ಬೆನ್ನು ಸವರಿ ನನಗೆ ತಿಳಿಯದ ಭಾಷೆಯಲ್ಲಿ ಎರಡು ಮಾತಾಡಿದ. ಜೋಡಿ ಹೊರಟಿತು.

‘ಯಾವೂರಪ್ಪ ನಿಂದು?’

‘ಅಸ್ಸಾಂ ಸಾರ್.’

‘ಅಲ್ಲಿ ಏನು ಮಾಡ್ತಿದ್ದೆ?’

‘ಇದೇ ಸಾರ್, ಗದ್ದೆ.’ ಸ್ವಲ್ಪ ಯೋಚಿಸಿ, ‘ಅಲ್ಲಿ ಟಿಕೆಟ್ ಇಲ್ಲ’ ಎಂದ.

ಹನ್ನೆರಡು ಹೆಜ್ಜೆ ಹೋಗಿ ಎತ್ತುಗಳು ತಾವೇ ನಿಂತವು. ಏನಾಯಿತೆಂದು ನೋಡಿದರೆ ಎದುರಿಗೆ ಇಂಜಿನಿಯರು ಮೊಬೈಲ್ ಹಿಡಿದಿದ್ದಾರೆ. ಫೋಟೋ ತೆಗೆಯುವ ಜಾಗ ಅವಕ್ಕೆ ಅಭ್ಯಾಸ. ಕ್ಲಿಕ್ಕಾದ ಮೇಲೆ ಯಾರೂ ಹೇಳದೆ ತಿರುಗಿ, ಮತ್ತೆ ಹನ್ನೆರಡು ಹೆಜ್ಜೆ ನಡೆದು, ಮುಂದಿನ ಗಿರಾಕಿಗೆ ನನ್ನನ್ನು ಒಪ್ಪಿಸಿದವು. ಡಿಸೆಂಬರಿನಲ್ಲಿ ಮಾಗಿ ಉಳುಮೆ ಮಾಡುವುದುಂಟು, ತಪ್ಪೇನಿಲ್ಲ. ಆದರೆ ಈ ಹೊಲವನ್ನು ವರ್ಷವಿಡೀ ಉಳುತ್ತಾರೆ, ಎಂದೂ ಬಿತ್ತುವುದಿಲ್ಲ. ಮಣ್ಣು ಹಿಟ್ಟಿನ ಹಾಗೆ ಹದವಾಗಿತ್ತು. ಇಂಥ ಹದದ ಹೊಲ ನೋಡಿದ್ದರೆ ಅಪ್ಪ ಅಲ್ಲೇ ಕೂರಿಗೆ ಕಟ್ಟುತ್ತಿದ್ದರು. ಉಳುವವನೇ ಹೊಲದೊಡೆಯ ಎಂದು ದೇವರಾಜ ಅರಸರ ಕಾಲದಲ್ಲಿ, 1974ರ ತಿದ್ದುಪಡಿಯಾದ ಮೇಲೆ, ಊರಿಗೆ ಊರೇ ಫಾರಂ ನಂಬರ್ 7 ತುಂಬಿ ಟ್ರಿಬ್ಯೂನಲ್ಲಿಗೆ ಅಲೆದದ್ದು ನೆನಪಾಯಿತು. ಆ ಲೆಕ್ಕದಲ್ಲಿ ಇಪ್ಪತ್ತನಾಲ್ಕು ಹೆಜ್ಜೆಗೆ ನಾನೂ ಒಂದು ಅರ್ಜಿ ಗುಜರಾಯಿಸಬಹುದಿತ್ತು.

ಹಾಲು ಕರೆಯುವ ಕಾರ್ಯಕ್ರಮ ಹನ್ನೊಂದು ಗಂಟೆಗೆ. ಹನ್ನೊಂದು ಗಂಟೆಗೆ ಯಾವ ಹಸು ಹಾಲು ಕೊಡುತ್ತದೆ? ಆ ಹೊತ್ತಿಗೆ ನಮ್ಮೂರ ಹಾಲು ಡೈರಿ ದಾಟಿರುತ್ತದೆ. ಕಪ್ಪು ಬಿಳಿ ಎಚ್‌ಎಫ್ ಹಸುವೊಂದು ತಾಳ್ಮೆಯೇ ಮೈವೆತ್ತಂತೆ ನಿಂತಿತ್ತು. ಇಂಜಿನಿಯರು ಕುಕ್ಕರಗಾಲಲ್ಲಿ ಕೂತು ನಲ್ಲಿ ತಿರುಗಿಸುವ ಹಾಗೆ ಮೊಲೆ ತಿರುಗಿಸಲು ನೋಡಿದರು. ಮೇಷ್ಟ್ರು ತಡೆದು, ಮೊದಲು ಕೆಚ್ಚಲು ಸವರಬೇಕೆಂದೂ, ಹಾಗೆ ಸವರಿದರೆ ಮಿದುಳಿನಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ಇಳಿದು ಹಸು ಹಾಲು ಬಿಡುವುದೆಂದೂ, ಹೆದರಿದರೆ ಅಡ್ರಿನಲಿನ್ ಬಂದು ಅದಕ್ಕೆ ಅಡ್ಡ ಕೂರುವುದೆಂದೂ ಸವಿಸ್ತಾರವಾಗಿ ಹೇಳಿದರು. ಹಸು ಪೂರಾ ಕೇಳಿಸಿಕೊಂಡಿತು. ಪಾಠ ಮುಗಿಯುವ ಹೊತ್ತಿಗೆ ಆ ಹಸುವಿನಲ್ಲಿ ಇಳಿದದ್ದು ಯಾವ ಹಾರ್ಮೋನೋ, ಚೊಂಬಿಗೆ ಬಿದ್ದದ್ದು ಎರಡು ಹನಿ. ಅದರಲ್ಲೊಂದು ಇಂಜಿನಿಯರ ಬೆವರು ಎಂದು ಶ್ಯಾನುಭೋಗರ ವಾದ.

ಕೆಸರುಗದ್ದೆಯ ಬಗ್ಗೆ ಹೆಚ್ಚು ಹೇಳಲಾರೆ. ಅದು ತುಳುನಾಡಿನ, ಮಲೆನಾಡಿನ ಮಳೆಗಾಲದ ಸಂಗತಿ. ಅಲ್ಲಿ ಆಕಾಶ ತಾನೇ ಕೆಸರು ಮಾಡಿಕೊಡುತ್ತದೆ. ರಾಗಿ ಸೀಮೆಯಲ್ಲಿ, ಮಾಗಿ ಚಳಿಯಲ್ಲಿ, ಕೊಳವೆಬಾವಿಯ ನೀರನ್ನು ಕೆಮ್ಮಣ್ಣಿಗೆ ಬಿಟ್ಟು ಕಲಸಿದ ಈ ಕೆಸರಿಗೆ ನಾನು ಇಳಿದದ್ದು ಒಂದೇ ಹೆಜ್ಜೆ. ಉಳಿದದ್ದನ್ನು ಕೆಸರೇ ನೋಡಿಕೊಂಡಿತು. ಕನ್ನಡಕವನ್ನು ಹುಡುಕಿಕೊಟ್ಟವನು ‘ರೈತ 3’. ಆ ಭಂಗಿಯ ಫೋಟೋ ಇಂಜಿನಿಯರ ಬಳಿ ಹನ್ನೊಂದಿದೆ.

ಊಟಕ್ಕೆ ಮಾತ್ರ ನಾನು ಮನಸಾರೆ ಕೈ ಮುಗಿಯುತ್ತೇನೆ. ‘ಹಳ್ಳಿ ಸೊಗಡಿನ ಊಟ’ ಎಂದು ಅಲ್ಲೂ ಬೋರ್ಡಿತ್ತು. ಈ ಸೊಗಡು ಎಂಬ ಪದವನ್ನು ಜಾಹೀರಾತಿನವರು ಭಾಷಣ, ಸಿನಿಮಾ, ಸೋಪು ಎಲ್ಲಕ್ಕೂ ಹಚ್ಚಿ ಸವೆಸಿಬಿಟ್ಟಿದ್ದಾರೆ. ನಮ್ಮ ಕಡೆ ಅದರ ಒಡೆತನ ಅವರೆಕಾಯಿಯದು. ಇಬ್ಬನಿ ಬಿದ್ದ ಮೇಲೆ ಸಿಪ್ಪೆಯ ಮೇಲೆ ಎಣ್ಣೆಯಂಥ ಜಿಡ್ಡು ಏರುತ್ತದಲ್ಲ, ಬಿಡಿಸಿದ ಕೈಯನ್ನು ಸೋಪಿನಲ್ಲಿ ತೊಳೆದರೂ ಹೋಗದೆ ರಾತ್ರಿ ಹೊದಿಕೆಯೊಳಗೂ ಮೂಗಿಗೆ ಬರುತ್ತದಲ್ಲ, ಅದು ಸೊಗಡು. ಮಾಗಡಿ ಅವರೆಗೆ ಅದು ಒಂದು ಕೈ ಜಾಸ್ತಿ. ಎಲೆಯ ಮೇಲೆ ಬಿಸಿ ಮುದ್ದೆ, ಅದರ ಗುಳಿಗೆ ಹಿತಕಿದ ಬೇಳೆ ಸಾರು, ಮೇಲೊಂದು ಚಮಚ ತುಪ್ಪ. ಇಂಜಿನಿಯರು ಮುದ್ದೆಯನ್ನು ಅಗಿಯತೊಡಗಿದರು. ನುಂಗಬೇಕು ಎಂದು ತೋರಿಸಿಕೊಟ್ಟೆ. ಆವತ್ತು ಇಡೀ ದಿನದಲ್ಲಿ ನಾನು ತಪ್ಪಿಲ್ಲದೆ ಮಾಡಿದ ಹಳ್ಳಿಯ ಕೆಲಸ ಅದೊಂದೇ. ಎರಡು ಮುದ್ದೆ ಆದವು. ಮೂರನೆಯದಕ್ಕೆ ಕೈಯೊಡ್ಡಿದಾಗ ಬಡಿಸುವ ಹುಡುಗಿ ‘ಅನ್ಲಿಮಿಟೆಡ್ ಸರ್, ಪ್ಲೀಸ್’ ಎಂದಳು. ಅಮ್ಮ ಬಡಿಸುವಾಗ ಹೀಗೆ ಹೇಳುತ್ತಿರಲಿಲ್ಲ. ‘ಹೊಟ್ಟೆನೋವು ಹೋಯ್ತೇನೋ?’ ಅನ್ನುತ್ತಿದ್ದಳು.

ಮನೆಗೆ ಬಂದಾಗ ರಾತ್ರಿ ಎಂಟು. ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಕಿವಿಯ ಸಂದಿಯಿಂದ ಇನ್ನೂ ಕೆಮ್ಮಣ್ಣು ಉದುರುತ್ತಿತ್ತು. ಹೆಂಡತಿ ಸರೋಜ ಏನೂ ಕೇಳದೆ ಹಂಡೆ ನೀರು ಕಾಯಿಸಿದಳು. ಕೇಳದಿದ್ದದ್ದೇ ಹೆಚ್ಚು ನೋವಾಯಿತು. ಸ್ನಾನ ಮುಗಿಸಿ, ಮೇಳಿ ಹಿಡಿದ ಫೋಟೋವನ್ನು ಸ್ಟೇಟಸ್ಸಿಗೆ ಹಾಕಿದೆ. ಹತ್ತು ನಿಮಿಷಕ್ಕೆ ಊರಿನಿಂದ ಅಣ್ಣನ ಫೋನು.

‘ಅದ್ಯಾರ ಹೊಲ್ವೋ ನೀನು ಉಳ್ತಿರೋದು?’

‘ಯಾರದೋ ಅಣ್ಣ. ಮಾಗಡಿ ಕಡೆ.’

‘ಯಾರದೋ ಹೊಲಕ್ಕೆ ಯಾಕಪ್ಪ ಹೋದೆ ಈ ವಯಸ್ಸಲ್ಲಿ? ಪೆನ್ಷನ್ ಬರ್ತಿಲ್ವಾ?’

‘ಬರ್ತಿದೆ ಅಣ್ಣ.’

‘ಕೂಲಿ ಎಷ್ಟು ಕೊಟ್ರು?’

‘ಅವರು ಕೊಡಲ್ಲ, ನಾವೇ ಕೊಡ್ಬೇಕು. ಸಾವಿರದ ಇನ್ನೂರು. ವಯಸ್ಸಾಗಿದೆ ಅಂತ ಇನ್ನೂರು ಬಿಟ್ರು.’

ಆ ಕಡೆಯಿಂದ ಮಾತಿಲ್ಲ. ಕೊಟ್ಟಿಗೆಯಲ್ಲಿ ಕರು ಅಂಬಾ ಅಂದದ್ದು ಕೇಳಿಸಿತು. ಲೈನು ಕಟ್ಟಾಯಿತೇನೋ ಎಂದು ಎರಡು ಸಲ ಹಲೋ ಅಂದೆ.

‘ಸರೋಜ ಇದಾಳಾ ಅಲ್ಲಿ?’ ಎಂದ ಅಣ್ಣ, ದನಿ ತಗ್ಗಿಸಿ. ‘ಫೋನು ಒಂಚೂರು ಅವಳ ಕೈಗೆ ಕೊಡು.’