ಕಣ, ಕಪಾಟು, ಕೌದಿ

ರವಿಕೆ ಕಣವೆಂದರೆ ರವಿಕೆ ಹೊಲಿಸುವುದಕ್ಕೆ ತುಸು ಸಾಲದ, ಬಿಸಾಡುವುದಕ್ಕೆ ಮನಸ್ಸು ಬಾರದ ಒಂದು ತುಂಡು ಬಟ್ಟೆ. ಅಂಗಡಿಯ ಲೆಕ್ಕದಲ್ಲಿ ಅದರ ಉದ್ದ 80 ಸೆಂಟಿಮೀಟರಿನಿಂದ ಒಂದು ಮೀಟರು; ಕೊಡುವುದಕ್ಕೆಂದೇ ಕಟ್ಟುಗಟ್ಟಲೆ ಕೊಳ್ಳುವ ಕಣ ಅದಕ್ಕಿಂತಲೂ ಗಿಡ್ಡ. ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮನೆಗಳಲ್ಲಿ ಮದುವೆ, ಸೀಮಂತ, ಗೃಹಪ್ರವೇಶ, ಸತ್ಯನಾರಾಯಣ ಪೂಜೆ ಎಂದು ಯಾವ ಜೆಂಬರಕ್ಕೆ ಹೋದರೂ ಹೊರಡುವ ಹೊತ್ತಿಗೆ ಅರಸಿನ ಕುಂಕುಮದ ಜೊತೆ ಒಂದು ಕಣ ಕೈಸೇರುತ್ತದೆ. ಇದನ್ನು ಹೊಲಿಸಿಕೊಂಡಾರು ಎಂಬ ಭ್ರಮೆ ಕೊಟ್ಟವರಿಗೂ ಇಲ್ಲ, ಹೊಲಿಸಿಕೊಳ್ಳುವ ಅಂದಾಜು ಪಡೆದವರಿಗೂ ಇಲ್ಲ. ಅದು ಮುಂದಿನ ಜೆಂಬರಕ್ಕೆ ಹೋಗುತ್ತದೆ. ಈ ಸಂಚಾರಕ್ಕೆ ನಿಯಮ ಒಂದೇ: ಕೊಟ್ಟವರ ಮನೆಗೇ ಅದು ತಿರುಗಿ ಹೋಗಕೂಡದು. ಅದಕ್ಕಾಗಿ ಅನುಭವಸ್ಥರು ಮಡಿಕೆಯೊಳಗೆ ಒಂದು ಚೀಟಿ ಸಿಕ್ಕಿಸಿಡುತ್ತಾರೆ: "ವೇಣೂರು ದೊಡ್ಡಮ್ಮ, ಮಗಳ ಮದುವೆ." ಒಂದೇ ಕಣದಲ್ಲಿ ಬೇರೆ ಬೇರೆ ಕೈಬರಹದ ಮೂರು ಚೀಟಿಗಳು ಸಿಕ್ಕಿದರೆ ಅದು ಎಷ್ಟು ಮನೆ ಕಂಡಿದೆಯೆಂದು ಗೊತ್ತಾಗುತ್ತದೆ, ಗುಂಡುಪಿನ್ನು ಬಿಟ್ಟ ತುಕ್ಕಿನ ಕಲೆಯಿಂದ ಕಾಲವನ್ನೂ ನಿರ್ಣಯಿಸಬಹುದು.

ಊರಿನಲ್ಲಿ ಇದು ಸುಸೂತ್ರವಾಗಿ ನಡೆಯುತ್ತದೆ. ಬಂದ ಕಣ ಹೋಗಲು ಮುಂದಿನ ವಾರ ಇನ್ನೊಂದು ಮನೆ ಇದ್ದೇ ಇರುತ್ತದೆ. ತೊಡಕು ಶುರುವಾಗುವುದು ಕಣ ವಿಮಾನ ಹತ್ತಿದ ಮೇಲೆ. ದುಬೈ, ಮಸ್ಕತ್, ಟೊರಾಂಟೊ, ನ್ಯೂಜೆರ್ಸಿಗಳಲ್ಲಿ ಕಣ ಒಳಗೆ ಬರುವುದಕ್ಕೆ ದಾರಿಯಿದೆ, ಹೊರಗೆ ಹೋಗುವುದಕ್ಕಿಲ್ಲ. ಕನ್ನಡ ಸಂಘದ ವರಮಹಾಲಕ್ಷ್ಮಿ ಪೂಜೆಯಲ್ಲಿ ಹಂಚೋಣವೆಂದರೆ ಅಲ್ಲಿ ಸೇರಿದ ನಲವತ್ತು ಮಂದಿಯೂ ಅದೇ ಯೋಚನೆಯಲ್ಲಿ ಚೀಲ ತುಂಬಿಕೊಂಡು ಬಂದಿರುತ್ತಾರೆ. ಒಂದನ್ನು ಕೊಟ್ಟು ನಾಲ್ಕನ್ನು ಹೊತ್ತು ಮನೆಗೆ ಬರುವುದೇ ವಾಡಿಕೆ.

ಹಿಂದೆ ಬಟ್ಟೆಯ ಪ್ರಯಾಣ ಎದುರು ದಿಕ್ಕಿನಲ್ಲಿತ್ತು. 1970 ಮತ್ತು 80ರ ದಶಕಗಳಲ್ಲಿ ಕೊಲ್ಲಿಯಿಂದ ರಜೆಗೆ ಬಂದವರ ಪೆಟ್ಟಿಗೆಯಲ್ಲಿ ಜಪಾನಿನ ಸಿಂಥೆಟಿಕ್ ಸೀರೆ, ಸೆಂಟಿನ ಬಾಟಲಿ, ಟೇಪ್ ರೆಕಾರ್ಡರು ಇರುತ್ತಿದ್ದವು. ಮುಂಬಯಿಯಲ್ಲಿ ಇಳಿದು, ಅಷ್ಟನ್ನೂ ಬಸ್ಸಿನ ಮೇಲೇರಿಸಿ ಊರಿಗೆ ತರುವುದು ಗಂಡಸರ ಪರಾಕ್ರಮಗಳಲ್ಲಿ ಒಂದಾಗಿತ್ತು. ಆ ಸೀರೆಗಳು ಹರಿಯಲಿಲ್ಲ, ಮಾಸಲಿಲ್ಲ, ಬೆವರನ್ನು ಹೀರಲೂ ಇಲ್ಲ. ಇಂದಿಗೂ ಕೆಲವು ಕಪಾಟುಗಳ ತಳದಲ್ಲಿ ಹೊಸತರಂತೆಯೇ ಇವೆ. 2006ರಲ್ಲಿ ಮಂಗಳೂರಿನ ಬಜಪೆ ನಿಲ್ದಾಣದಿಂದ ದುಬೈಗೆ ನೇರ ವಿಮಾನ ಶುರುವಾಯಿತು. ಈಗ ಬಟ್ಟೆ ಹೋಗುವುದು ಇಲ್ಲಿಂದ ಅಲ್ಲಿಗೆ. ಬರ್ ದುಬೈಯ ಮೀನಾ ಬಜಾರಿನಲ್ಲಿ ಸೀರೆ, ಫಾಲ್, ಲೈನಿಂಗು, ಹೊಲಿಯುವ ದರ್ಜಿ ಎಲ್ಲವೂ ಸಿಗುತ್ತವೆ. ಆದರೂ ಮೂಡುಬಿದಿರೆಯಿಂದ ಕಣ ಹೊತ್ತೊಯ್ಯಬೇಕಾಗಿ ಬರುವುದಕ್ಕೆ ಮಳೆಯೇ ಕಾರಣ.

ಕೊಲ್ಲಿಯ ಶಾಲೆಗಳ ಬೇಸಿಗೆ ರಜೆ ಜುಲೈ-ಆಗಸ್ಟಿನಲ್ಲಿ. ಮಕ್ಕಳೊಂದಿಗೆ ಊರಿಗೆ ಬಂದಿಳಿಯುವ ಹೊತ್ತಿಗೆ ಇಲ್ಲಿ ತುಳುವರ ಆಟಿ ತಿಂಗಳು, ಜಡಿಮಳೆ. ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲಿ ಒಣಗಿದ ಬಟ್ಟೆಗೂ ಹೊಗೆಯ ವಾಸನೆ. ಗೋದ್ರೇಜ್ ಕಪಾಟಿನ ಬಾಗಿಲು ತೆರೆದರೆ ನುಸಿಗುಳಿಗೆಯ ಘಾಟು, ಅದರ ಹಿಂದೆಯೇ ಬೂಸರು. ಸೊಸೆ ಬಂದದ್ದೇ ಅತ್ತೆಗೆ ಒಂದು ಅವಕಾಶ. "ಇಲ್ಲಿ ಇಟ್ಟರೆ ಬೂಸರು ಹಿಡೀತದೆ ಮಗಾ, ನೀನೇ ತಕೊಂಡು ಹೋಗು, ಅಲ್ಲಿ ಒಣ ಹವೆ ಉಂಟಲ್ಲ" ಎಂದು ಮೂವತ್ತು ಕಣ, ಎರಡು ಸೀರೆ ಮಂಚದ ಮೇಲೆ ಬರುತ್ತವೆ. ಬೇಡವೆನ್ನುವ ಪದ್ಧತಿ ಇಲ್ಲ. ಅಮೆರಿಕದವರಿಗೆ ತಲಾ 23 ಕಿಲೋದ ಎರಡು ಪೆಟ್ಟಿಗೆ ಒಯ್ಯಲು ಅನುಮತಿ ಇರುವುದರಿಂದ ಅವರ ಪಾಲು ಸಹಜವಾಗಿಯೇ ಹೆಚ್ಚು.

ಹೀಗೆ ಸೇರಿದ ಬಟ್ಟೆಯಲ್ಲಿ ಕಣಗಳದೇ ಬಹುಮತವಾದರೂ ಬೇರೆ ಪಂಗಡಗಳೂ ಇವೆ. ದರ್ಜಿ ಮರಳಿಸಿದ ತುಂಡುಗಳದು ಒಂದು. ಉಜಿರೆಯಲ್ಲಿ 1982ರಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಕಲಿಸುವ ಕಸುಬುಗಳಲ್ಲಿ ಹೊಲಿಗೆಯೂ ಸೇರಿದೆ. ಸ್ವಸಹಾಯ ಸಂಘದ ಸಾಲದಲ್ಲಿ ಮಿಷನ್ನು ಕೊಂಡವರೂ ಬೆಳ್ತಂಗಡಿ ಸೀಮೆಯಲ್ಲಿ ಕಡಿಮೆಯಿಲ್ಲ. ನೆರೆಮನೆಯಲ್ಲೇ ಹೊಲಿಯುವವರಿದ್ದರೆ ಉಳಿದ ತುಂಡನ್ನು ಮರಳಿ ಕೊಡದೆ ವಿಧಿಯಿಲ್ಲ, ಇಸಿದುಕೊಳ್ಳದೆಯೂ ವಿಧಿಯಿಲ್ಲ. ದೇವಸ್ಥಾನದಿಂದ ಬಂದದ್ದು ಇನ್ನೊಂದು. ಪೊಳಲಿ, ಕಟೀಲಿನಂಥ ದೇವಿಯ ಸನ್ನಿಧಿಯಿಂದ ಪ್ರಸಾದವಾಗಿ ಬಂದ ಬಟ್ಟೆಗೆ ಕತ್ತರಿ ತಾಗಿಸಬಹುದೇ ಎಂಬ ಪ್ರಶ್ನೆಗೆ ಯಾವ ಮನೆಯಲ್ಲೂ ಇಬ್ಬರ ಉತ್ತರ ಒಂದೇ ಇರುವುದಿಲ್ಲ. ಕಡೆಯದು, ಸ್ವಂತ ದುಡ್ಡು ಕೊಟ್ಟು, "ಯಾವುದಕ್ಕಾದರೂ ಬೇಕಾದೀತು" ಎಂದು ಕೊಂಡದ್ದು. ಇದರ ಬಗ್ಗೆ ಮನೆಯ ಯಜಮಾನರಿಗೆ ಮಾಹಿತಿ ಇರುವುದಿಲ್ಲ.

ಈ ದಾಸ್ತಾನನ್ನು ಕರಗಿಸಲು ಹೊರದೇಶದ ಉಪಾಯಗಳು ನಡೆಯುವುದಿಲ್ಲ. ಮನೆ ಓರಣಗೊಳಿಸುವ ಬಗ್ಗೆ ಜಪಾನಿನ ಮರಿಯೆ ಕೊಂಡೊ ಬರೆದ ಪುಸ್ತಕ 2014ರಲ್ಲಿ ಇಂಗ್ಲಿಷಿಗೆ ಬಂದ ಮೇಲೆ ಪ್ರತಿ ವಸ್ತುವನ್ನೂ ಕೈಯಲ್ಲಿ ಹಿಡಿದು, ಮನಸ್ಸಿಗೆ ಹಿಗ್ಗಾಗುತ್ತದೆಯೇ ಎಂದು ನೋಡಿ, ಆಗದಿದ್ದರೆ ಧನ್ಯವಾದ ಹೇಳಿ ಬೀಳ್ಕೊಡುವ ಕ್ರಮ ಅಮೆರಿಕದಲ್ಲೆಲ್ಲ ಹಬ್ಬಿತು. ಪುಂಜಾಲಕಟ್ಟೆ ಅತ್ತೆ ಕೊಟ್ಟ ಕಣವನ್ನು ಕೈಯಲ್ಲಿ ಹಿಡಿದಾಗ ಆಗುವುದು ಹಿಗ್ಗಲ್ಲ, ಅಂಜಿಕೆ. ಅದನ್ನು ದಾನದ ಪೆಟ್ಟಿಗೆಗೆ ಹಾಕಿದ ವಾರವೇ ಅತ್ತೆ ವಿಡಿಯೋ ಕರೆಯಲ್ಲಿ, "ಆ ಗಿಳಿಹಸಿರು ಕಣ ಹೊಲಿಸಿದೆಯಾ ಮಾರಾಯ್ತಿ?" ಎಂದು ಕೇಳಿಯೇ ಕೇಳುತ್ತಾರೆ. ಕಪಾಟಿನಲ್ಲಿ ಬಟ್ಟೆಯ ಹೆಸರಿನಲ್ಲಿ ಇರುವುದು ಋಣದ ಲೆಕ್ಕ. ಲೆಕ್ಕದ ಪುಸ್ತಕದ ಹಾಳೆ ಹರಿಯಲು ಯಾರಿಗೂ ಧೈರ್ಯವಿಲ್ಲ. ಬಿಸಾಡಿದ ಪಾಪ ತಟ್ಟದೆ ಬಟ್ಟೆ ಕಣ್ಣಿಂದ ಮರೆಯಾಗಲು ಇರುವ ದಾರಿ ಒಂದೇ, ಅದನ್ನು ಕತ್ತರಿಸಿ ಕೌದಿ ಮಾಡುವುದು. ಕರೆ ಬಂದಾಗ ಕೌದಿಯ ಒಂದು ಮೂಲೆಯನ್ನು ಕ್ಯಾಮೆರಾಕ್ಕೆ ಹಿಡಿದರಾಯಿತು: "ಇಲ್ಲಿ ಉಂಟಲ್ಲ ಅತ್ತೆ, ನಿಮ್ಮ ಕಣ."

ಕೌದಿ ಕರಾವಳಿಯ ಸ್ವತ್ತಲ್ಲ. ಧಾರವಾಡ, ಗದಗ, ಬಾಗಲಕೋಟೆಗಳಲ್ಲಿ ಹಳೆ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಕೂಡಿಸಿ, ದಪ್ಪ ದಾರದಲ್ಲಿ ಸಾಲುಹೊಲಿಗೆ ಹಾಕುತ್ತಾರೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹೊಲಿಗೆಯನ್ನು ಅಂಚಿನಿಂದ ಹಿಡಿದು ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೂ ಮಡಿಸಿದ ತ್ರಿಕೋನದ ತುಂಡು ಕೂರಿಸುತ್ತಾರೆ, ಅದಕ್ಕೆ 'ಫುಲ' ಎಂದು ಹೆಸರು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆನ್ರಿ ಡ್ರೂವಲ್ ಅವರ ಒತ್ತಾಸೆಯಿಂದ 2004ರಲ್ಲಿ ಈ ಹೆಂಗಸರ ಸಹಕಾರಿ ಕೂಟವೂ ಹುಟ್ಟಿತು, ಕೌದಿಗಳು ಕಡಲಾಚೆಯ ಗೋಡೆಗಳನ್ನೇರಿದವು. ಅಮೆರಿಕದಲ್ಲೇ ಅಲಬಾಮಾದ ಗೀಸ್ ಬೆಂಡ್ ಎಂಬ ಹಳ್ಳಿಯ ಕರಿಯ ಹೆಂಗಸರು ಹಳೆ ಕೆಲಸದ ಉಡುಪುಗಳಿಂದ ಹೊಲಿದ ಹೊದಿಕೆಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನಲ್ಲಿ ಪ್ರದರ್ಶನಗೊಂಡಿದ್ದವು. ಚಿಂದಿಗೆ ಮರ್ಯಾದೆ ಸಿಗಬೇಕಾದರೆ ಅದು ಒಂದಷ್ಟು ದೂರ ಹೋಗಬೇಕು.

ಬಂಟ್ವಾಳದಲ್ಲಿ ಕೌದಿ ಯಾಕೆ ಬೆಳೆಯಲಿಲ್ಲ ಎನ್ನುವುದಕ್ಕೆ ಸಂಶೋಧನೆ ಬೇಡ, ಮೇ ತಿಂಗಳಲ್ಲಿ ಬಿ.ಸಿ.ರೋಡಿನಲ್ಲಿ ಹತ್ತು ನಿಮಿಷ ಬಸ್ಸಿಗೆ ಕಾದರೆ ಸಾಕು. ಚಾರ್ಮಾಡಿಯ ತಪ್ಪಲಿನ ಮನೆಗಳಲ್ಲಿ ಡಿಸೆಂಬರಿನ ಬೆಳಗಿನ ಜಾವ ಒಂದಿಷ್ಟು ಚಳಿ ಹುಟ್ಟುವುದುಂಟು, ಅದು ಕಂಬಳಿಗೇ ಮುಗಿಯುತ್ತದೆ. ಇನ್ನೊಂದು ಕಾರಣವೂ ಇದೆ. ಇಲ್ಲಿ ಹಳೆ ಬಟ್ಟೆ ಕೌದಿಯಾಗುವಷ್ಟು ಕಾಲ ಪುರುಸೊತ್ತಿನಲ್ಲಿ ಇರುತ್ತಿರಲಿಲ್ಲ. ಪಂಚೆ ಸವೆದರೆ ಹರಿದು ಮೈ ಒರೆಸುವ ಬೈರಾಸು. ಬೈರಾಸು ತೆಳುವಾದರೆ ಬಾಣಂತಿ ಕೋಣೆಗೆ. ಅಲ್ಲಿಂದ ಬಿಡುಗಡೆಯಾದರೆ ಒಲೆಯ ಪಾತ್ರೆ ಇಳಿಸುವ ಮಸಿಬಟ್ಟೆ. ಕೊನೆಗೆ ನೆಲ ಒರೆಸಲು. ಹತ್ತಿಯ ಸೀರೆ ಅಂಗಳದಲ್ಲಿ ಸಂಡಿಗೆಯ ಅಡಿಗೆ ಹೋಗುತ್ತಿತ್ತು, ಬೀಡಿ ಕಟ್ಟುವ ಮನೆಯಲ್ಲಾದರೆ ನೆನೆಸಿದ ಎಲೆ ಬಾಡದಂತೆ ಸುತ್ತಿಡುವ ಬಟ್ಟೆಯಾಗುತ್ತಿತ್ತು. ಈ ಸರಣಿಯಲ್ಲಿ ಎಲ್ಲೂ ಸೇರದೆ ಹೊರಗುಳಿದದ್ದು ಪಾಲಿಯೆಸ್ಟರು. ನೀರು ಹೀರದ ಬಟ್ಟೆಗೆ ದಕ್ಷಿಣ ಕನ್ನಡದ ಅಡುಗೆಮನೆಯಲ್ಲಿ ಉದ್ಯೋಗವಿಲ್ಲ. ಕಣಗಳು ರಾಶಿ ಬೀಳುವುದಕ್ಕೂ ಅದೇ ಮೂಲ.

ಹೊಲಿಯುವ ಕೆಲಸ ಬಟ್ಟೆ ಬೇರ್ಪಡಿಸುವಲ್ಲಿಂದ ಶುರು. ಹತ್ತಿ ಒಂದು ಕಡೆ, ಮಿಶ್ರಣ ಒಂದು ಕಡೆ, ರೇಷ್ಮೆ ಇನ್ನೊಂದು ಕಡೆ ಎನ್ನುವುದು ಪುಸ್ತಕದ ಕ್ರಮ. ರೂಢಿಯಲ್ಲಿ ಬೀಳುವ ರಾಶಿಗಳು ಬೇರೆ: ಗಂಡನ ಕಡೆಯವರದು, ತವರಿನದು, ಯಾರದೆಂದು ನೆನಪಿಲ್ಲದ್ದು. ಮೂರನೆಯದರಿಂದ ಆರಂಭಿಸಿದವರು ಸುಖಿಗಳು. ಬಳಿಕ ಒಗೆಯುವುದು. ಕೆಂಪು ಮತ್ತು ಕಡುನೀಲಿ ಹತ್ತಿ ಬಣ್ಣ ಬಿಡುವ ಜಾತಿ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆಂದು ಎಲ್ಲ ಅಜ್ಜಿಯರೂ ಹೇಳಿದ್ದಾರೆ; ಬಣ್ಣಕ್ಕೆ ಅದು ಗೊತ್ತಿಲ್ಲ. ಬೇರೆಯಾಗಿ ಎರಡು ಮೂರು ಸಲ ಒಗೆದು, ಬಿಳಿ ಚಿಂದಿಯೊಂದನ್ನು ಜೊತೆಗೆ ಹಾಕಿ ಪರೀಕ್ಷಿಸುವುದೇ ಸುರಕ್ಷಿತ. ಇದನ್ನು ಬಿಟ್ಟವರ ಕೌದಿ ಮೊದಲ ಒಗೆತದಲ್ಲಿ ಒಟ್ಟಾರೆ ಗುಲಾಬಿಯಾಗುತ್ತದೆ, ಜೊತೆಗೆ ಯಜಮಾನರ ಆಫೀಸಿನ ಅಂಗಿಯೂ.

ಕತ್ತರಿಸಲು ಈಗ ರೋಟರಿ ಕಟರ್ ಇದೆ: ಹಿಡಿಯ ತುದಿಯಲ್ಲಿ ತಿರುಗುವ ದುಂಡು ಬ್ಲೇಡು, 1979ರಲ್ಲಿ ಜಪಾನಿನ ಓಲ್ಫಾ ಕಂಪನಿ ಹೊರತಂದದ್ದು. ಒಂದು ಕಣವನ್ನು ಐದಿಂಚಿನ ಚೌಕಗಳಾಗಿ ಕೊಯ್ಯಲು ಐದು ನಿಮಿಷ ಸಾಕು. ಕೊಯ್ಯುವ ಮೊದಲು ಚೀಟಿ ಓದಿ, ಕೊಟ್ಟವರು ಈಗ ಇದ್ದಾರೋ ಇಲ್ಲವೋ ಎಂದು ಲೆಕ್ಕ ಹಾಕಿ, ಆ ಮದುವೆಯಲ್ಲಿ ಊಟಕ್ಕೆ ಏನಿತ್ತೆಂದು ಅಕ್ಕನಿಗೆ ಫೋನು ಮಾಡಿ ಕೇಳಲು ಒಂದೂವರೆ ಗಂಟೆ. ಚೌಕಗಳನ್ನು ಕಾಲಿಂಚು ಅಂಚು ಬಿಟ್ಟು ಜೋಡಿಸಬೇಕು. ಅಂಚನ್ನು ಧಾರಾಳವಾಗಿ ಬಿಟ್ಟು ರವಿಕೆ ಹೊಲಿದ ಕೈ ಈ ಜಿಪುಣತನಕ್ಕೆ ಒಗ್ಗುವುದಿಲ್ಲ. ಮುಂದೆ ಎಷ್ಟಾದರೂ ಬಿಚ್ಚಿಕೊಳ್ಳುವ ಅವಕಾಶ ಇರಬೇಕೆಂಬುದು ರವಿಕೆಯ ತತ್ತ್ವ. ಕೌದಿ ದಪ್ಪಗಾಗುವ ಸಂಭವವಿಲ್ಲವೆಂದು ಮನವರಿಕೆಯಾಗಲು ಸಮಯ ಬೇಕು. ರೇಷ್ಮೆ ಜಾರುತ್ತದೆ, ಹಿಂದೆ ಕ್ಯಾನ್ವಾಸು ಅಂಟಿಸದೆ ನಿಲ್ಲದು. ಜರಿಯ ಅಂಚು ನೋಡಲು ಚಂದ, ಹೊದ್ದರೆ ಕುತ್ತಿಗೆಗೆ ಚುಚ್ಚುತ್ತದೆ; ಅದನ್ನು ಕಾಲಿನ ಕಡೆಗೆ ಹಾಕಿದರೆ ಕೊಟ್ಟವರ ಸೀರೆಗೆ ಅಪಚಾರವಾಯಿತೆಂಬ ಮಾತು ಬರುತ್ತದೆ. ಯಾರ ಕಣ ನಡುವಿಗೆ, ಯಾರದು ಅಂಚಿಗೆ ಎಂಬುದು ಮದುವೆಯ ಫೋಟೋದಲ್ಲಿ ನಿಲ್ಲಿಸುವಷ್ಟೇ ಸೂಕ್ಷ್ಮ ವಿಷಯ. ಗಂಡನ ಅಕ್ಕ ನಡುವಿನಲ್ಲಿರುವುದು ಕ್ಷೇಮ.

ಮೇಲ್ಪದರ, ನಡುವೆ ಹತ್ತಿಯ ಹಾಸು, ಅಡಿಪದರ ಮೂರನ್ನೂ ಸೇರಿಸಿ ಹೊಲಿದರೆ ಕೌದಿ ಸಿದ್ಧ. ಆದರೆ ನಡುವಿನ ಹಾಸು, ಅಡಿಪದರ, ದಾರ ಈ ಮೂರನ್ನೂ ಅಂಗಡಿಯಿಂದ ತರಬೇಕು. ಬಟ್ಟೆ ಕಡಿಮೆ ಮಾಡಲು ಹೊರಟವರು ಮೊದಲು ಬಟ್ಟೆ ಅಂಗಡಿಗೆ ಹೋಗುವುದು ಹೀಗೆ. ಅಮೆರಿಕದಲ್ಲಿ ಜೋಆನ್ ಎಂಬ ಹೊಲಿಗೆ ಸಾಮಾನಿನ ಕಂಪನಿ ದಿವಾಳಿಯಾಗಿ 2025ರ ಮೇ ಹೊತ್ತಿಗೆ ತನ್ನ ಸುಮಾರು 800 ಅಂಗಡಿಗಳನ್ನು ಮುಚ್ಚಿತು. ಮುಚ್ಚುವ ಮುನ್ನ ನಡೆದ ರಿಯಾಯಿತಿ ಮಾರಾಟಕ್ಕೆ ದಾರವೊಂದನ್ನು ತರಲು ಹೋದವರು ಕಾರಿನ ಡಿಕ್ಕಿ ತುಂಬಿಸಿಕೊಂಡು ಬಂದರು. ಅಷ್ಟು ಅಗ್ಗಕ್ಕೆ ಮತ್ತೆ ಸಿಗುವುದಿಲ್ಲ ಎಂಬ ವಾದಕ್ಕೆ ಎದುರುತ್ತರವಿಲ್ಲ, ಅಂಗಡಿಯೇ ಇಲ್ಲದ ಮೇಲೆ ಅದು ಸತ್ಯವೂ ಹೌದು.

ದೊಡ್ಡ ಕೌದಿಯ ತೂಕ ಎರಡರಿಂದ ಮೂರು ಕಿಲೋ. ಹೊಲಿದವುಗಳಲ್ಲಿ ಮೊದಲನೆಯದು ಮಗುವಿಗೆ. ಅದು ಬೇರೆ ಯಾವುದನ್ನೂ ಹೊದೆಯುವುದಿಲ್ಲವೆಂದು ಹಟ ಹಿಡಿದು, ಕೌದಿ ಒಗೆಯಲೂ ಸಿಗದಂತಾಗುತ್ತದೆ. ಹೊರನಾಡಿನ ಕೌದಿಗೆ ನಿಜವಾದ ಬಾಳು ಸಿಗುವುದು ಮಗುವಿನ ಕೈಯಲ್ಲೇ. ಎರಡನೆಯದು ಊರಿಗೆ ಉಡುಗೊರೆ. ಹತ್ತಾರು ಮನೆಗಳ ಕಣ ಒಟ್ಟಾಗಿ ಅಟ್ಲಾಂಟಿಕ್ ದಾಟಿ ಹಿಂದಿರುಗಿದ್ದನ್ನು ಅಂಗಳದಲ್ಲಿ ಬಿಡಿಸಿದರೆ ಮೊದಲ ಪ್ರತಿಕ್ರಿಯೆ, "ಎಂತ ಮಗಾ, ಅಲ್ಲಿ ಹೊಸ ಬೆಡ್‌ಶೀಟ್ ಸಿಗುವುದಿಲ್ಲವಾ?" ಎಂದು. ಎರಡನೆಯದು, ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ಒಂದೊಂದೇ ಚೌಕದ ಮೇಲೆ ಬೆರಳಿಟ್ಟು ಯಾರದೆಂದು ಗುರುತು ಹಿಡಿಯುವುದು. ಇದಕ್ಕೆ ಒಂದು ಮಧ್ಯಾಹ್ನ ಬೇಕು, ನೆರೆಮನೆಯವರನ್ನೂ ಕರೆಯಲಾಗುತ್ತದೆ. ಚೀಟಿಗಳಿಲ್ಲದಿದ್ದರೂ ತಪ್ಪು ಕಡಿಮೆ. ಬಳಿಕ ಕೌದಿಯನ್ನು ಮಡಿಸಿ, ನುಸಿಗುಳಿಗೆ ಇಟ್ಟು, ಅದೇ ಗೋದ್ರೇಜ್ ಕಪಾಟಿನಲ್ಲಿ ಕಾದಿಡುತ್ತಾರೆ. ಹೊದೆಯುವ ಮಾತಿಲ್ಲ.

ದಾಸ್ತಾನು ಕರಗುತ್ತದೆಯೇ ಎಂಬುದು ಉಳಿದ ಪ್ರಶ್ನೆ. ಒಂದು ಕೌದಿಗೆ ಹತ್ತು ಹನ್ನೆರಡು ಕಣ ಮುಗಿಯುತ್ತದೆ. ಅಲ್ಲಿಯವರೆಗೆ ಲೆಕ್ಕ ಸರಿ. ಆದರೆ ಕನ್ನಡ ಸಂಘದಲ್ಲಿ ಇಂಥವರು ಕೌದಿ ಹೊಲಿಯುತ್ತಾರಂತೆ ಎಂಬ ಸುದ್ದಿ ಹರಡಿದ ತಿಂಗಳೊಳಗೆ ಉಳಿದವರೆಲ್ಲ ತಮ್ಮ ಕಪಾಟು ಖಾಲಿ ಮಾಡುವ ಮಾರ್ಗ ಕಂಡುಕೊಳ್ಳುತ್ತಾರೆ. "ನಿಮಗೆ ಉಪಯೋಗ ಆಗಬಹುದು ಅಂತ ತಂದೆ" ಎಂದು ಬಾಗಿಲಲ್ಲಿ ಚೀಲಗಳು ಬಂದು ಕೂರುತ್ತವೆ. ಊರಿನಲ್ಲಿ ಸುದ್ದಿ ಇನ್ನೂ ಬೇಗ. ಮುಂದಿನ ಆಟಿಗೆ ಬರುವಷ್ಟರಲ್ಲಿ ಬಿ.ಸಿ.ರೋಡಿನ ದರ್ಜಿ ವರ್ಷದ ತುಂಡುಗಳನ್ನೆಲ್ಲ 25 ಕಿಲೋದ ಕುಚ್ಚಲಕ್ಕಿ ಚೀಲವೊಂದರಲ್ಲಿ ಒತ್ತಿ ತುಂಬಿ, ಬಾಯಿ ಹೊಲಿದು ಇಟ್ಟಿರುತ್ತಾರೆ. ದುಡ್ಡು ಬೇಡವೇ ಬೇಡ ಎನ್ನುತ್ತಾರೆ, ಮಗಳಿಗೊಂದು ಕೌದಿ ಸಾಕಂತೆ.